ಇಮಾಮನ ಹೆಸರಲ್ಲಿ ಒಂದು ಹೇರ್‌ಪಿನ್

ಜೋಗೇಶ್ವರಿಯ ಚಾಳಿನಲ್ಲಿ ಅಮೀರಸಾಬನನ್ನು ಅಮೀರಸಾಬ ಎಂದು ಕರೆಯುತ್ತಿದ್ದವರು ಕಡಿಮೆ. ಎಲ್ಲರ ಬಾಯಲ್ಲೂ ಅವನು ಖಜಾಂಚಿ. ಹೆಸರಿಟ್ಟವನು ಪಕ್ಕದ ಖೋಲಿಯ ಶಂಕ್ರೆಪ್ಪ, ಅವನೂ ವಿಜಾಪುರದ ಕಡೆಯವನೇ. ಶಂಕ್ರೆಪ್ಪ ಇಟ್ಟದ್ದು ಗೇಲಿಗೆ. ಅಮೀರಸಾಬ ತೆಗೆದುಕೊಂಡದ್ದು ಬಿರುದೆಂದು. ಯಾರಾದರೂ ಮೆಟ್ಟಿಲ ಬುಡದಿಂದ "ಏ ಖಜಾಂಚಿ" ಎಂದು ಕೂಗಿದರೆ ಅವನು ಟೋಪಿ ಸರಿಮಾಡಿಕೊಂಡು ಗ್ಯಾಲರಿಗೆ ಬರುತ್ತಿದ್ದ.

ಅವನು ಹೇಳುವ ಪ್ರಕಾರ ಅವನ ಮುತ್ತಜ್ಜನ ಮುತ್ತಜ್ಜ ಆದಿಲಶಾಹಿ ಸುಲ್ತಾನರ ಟಂಕಸಾಲೆಯಲ್ಲಿ ದೊಡ್ಡ ಅಧಿಕಾರಿ. ನಾಣ್ಯಕ್ಕೆ ಅಚ್ಚು ಹಾಕಿಸುವ ಮೊದಲು ಸುಲ್ತಾನನೇ ಅವನನ್ನು ಒಂದು ಮಾತು ಕೇಳುತ್ತಿದ್ದನಂತೆ. ಈ ಕಥೆಯ ಮೂಲ ಹುಡುಕುತ್ತಾ ಹೋದರೆ ಸಿಗುವವನು ಅಮೀರಸಾಬನ ತಂದೆ. ಆ ಪುಣ್ಯಾತ್ಮ ಗೋಳಗುಮ್ಮಟದ ಮುಂದೆ ಟಾಂಗಾ ಹೊಡೆಯುತ್ತಿದ್ದ. ಪ್ರವಾಸಿಗರ ಕೈ ಸ್ವಲ್ಪ ಸಡಿಲವಾಗಲಿ ಎಂದು, ತಾನು ಟಂಕಸಾಲೆಯ ಮನೆತನದವನು, ಕಾಲ ಕೆಟ್ಟು ಕುದುರೆ ಹೊಡೆಯುತ್ತಿದ್ದೇನೆ ಎಂದು ಹೆಗಲ ವಸ್ತ್ರದಿಂದ ಕಣ್ಣೊರೆಸಿಕೊಳ್ಳುತ್ತಿದ್ದ. ಪ್ರವಾಸಿಗರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಪಕ್ಕದಲ್ಲಿ ಕೂತಿದ್ದ ಮಗ ಮಾತ್ರ ಪೂರ್ತಿ ನಂಬಿಬಿಟ್ಟ.

ಮಗ ಮುಂಬೈಗೆ ಬಂದು ಕಲಿತದ್ದು ಮೋಟಾರ್ ವೈಂಡಿಂಗ್. ಸುಟ್ಟುಹೋದ ಮೋಟಾರಿನ ಹೊಟ್ಟೆಯಿಂದ ಹಳೆಯ ತಂತಿ ಕಿತ್ತು ಹೊಸ ತಂತಿ ಸುತ್ತುವ ಕೆಲಸ. ಒಳ್ಳೆಯ ಕೆಲಸವೇ, ಅದನ್ನು ಅವನು ಚೆನ್ನಾಗಿಯೇ ಮಾಡುತ್ತಿದ್ದ. ಆದರೆ ಟಂಕಸಾಲೆಯ ವಾರಸುದಾರನಿಗೆ ತಂತಿ ಸುತ್ತುವುದರಲ್ಲಿ ಎಂಥ ಸಮಾಧಾನ? ಎಪ್ಪತ್ತೊಂದರ ಯುದ್ಧ ಮುಗಿದ ಮೇಲೆ ಚೋರ್ ಬಜಾರಿಗೆ ಮಿಲಿಟರಿಯವರು ಬಿಸಾಕಿದ ಸಾಮಾನು ರಾಶಿ ರಾಶಿ ಬಂತು. ಅದರಲ್ಲಿ ಅಮೀರಸಾಬನ ಕಣ್ಣಿಗೆ ಬಿದ್ದದ್ದು ನೆಲದಲ್ಲಿ ಹೂತ ಬಾಂಬು ಹುಡುಕುವ ಯಂತ್ರ. ಉದ್ದ ಕೋಲಿನ ತುದಿಗೆ ರೊಟ್ಟಿ ಹಂಚಿನಂಥ ತಟ್ಟೆ, ಹೆಗಲಿಗೆ ಬ್ಯಾಟರಿ ಪೆಟ್ಟಿಗೆ, ಕಿವಿಗೆ ಹೆಡ್‌ಫೋನ್. ಕೆಳಗೆ ಲೋಹವಿದ್ದರೆ ಕಿವಿಯಲ್ಲಿ ಕುಂಯ್ ಎನ್ನುತ್ತದೆ. ಕೆಟ್ಟು ಕೂತಿದ್ದ ಅದನ್ನು ತಂದು, ಹೊಸದಾಗಿ ಸುರುಳಿ ಸುತ್ತಿ, ಕೊನೆಗೂ ಕುಂಯ್ ಎನ್ನಿಸಿದ.

"ಇನ್ನ ಮ್ಯಾಲ ನೋಡ್ಕೊಂತ ಇರು," ಎಂದ ಹೆಂಡತಿ ದೌಲತಬಿಗೆ. "ನಮ್ಮ ಹಿರ್ಯಾರು ಮಾಡಿದ್ದ ಸಿಕ್ಕಾ ನನ್ನ ಕೈಗೆ ಬರ್ತಾವ."

"ಮದ್ಲ ನಳಾ ಬಂತೇನು ನೋಡ್ರಿ," ಎಂದಳು ಅವಳು.

ಪ್ರತಿ ಭಾನುವಾರ ಯಂತ್ರವನ್ನು ಗೋಣಿಚೀಲದಲ್ಲಿ ಸುತ್ತಿ ವಿರಾರ್ ಲೋಕಲ್ ಹತ್ತಿ ದಹಿಸರಿಗೆ ಹೋಗತೊಡಗಿದ. ಆಗಿನ್ನೂ ದಹಿಸರಿನಲ್ಲಿ ಸ್ಟೇಷನ್ ದಾಟಿ ಸ್ವಲ್ಪ ನಡೆದರೆ ಭತ್ತದ ಗದ್ದೆಗಳು. ಕಿವಿ ಮುಚ್ಚಿಕೊಂಡು, ತಲೆ ತಗ್ಗಿಸಿ, ಕೊಯ್ಲಾದ ಗದ್ದೆಯಲ್ಲಿ ಕೋಲಾಡಿಸುವ ಈ ಮನುಷ್ಯನನ್ನು ನೋಡಿ ರೈತರು ಮೊದಲು ಬಿಲ್ಡರ್ ಕಳಿಸಿದ ಸರ್ವೆಯವನೆಂದು ಕಲ್ಲು ಹಿಡಿದು ಬಂದರು. ಅವನನ್ನು ಉಳಿಸಿದವನು ಪಾಸ್ಕು ಎಂಬ ಮುದುಕ, ಗದ್ದೆ ಅವನದೇ. ಬಾವಿಯ ಹತ್ತಿರ ಕಳೆದುಹೋದ ತನ್ನ ಹಾರೆಯನ್ನು ಈ ಯಂತ್ರ ಹುಡುಕೀತೇ ಎಂದು ಕೇಳಿದ. ಹುಡುಕಿತು. ಅಂದಿನಿಂದ ಅಮೀರಸಾಬ ದಹಿಸರಿನ ರೈತರಿಗೆ ಬೇಕಾದವನಾದ. ಒಬ್ಬನ ಕುಡುಗೋಲು, ಇನ್ನೊಬ್ಬನ ಎತ್ತಿನ ಗಂಟೆ, ಮತ್ತೊಬ್ಬನ ನೇಗಿಲ ಕುಳ, ಎಲ್ಲ ಸಿಕ್ಕವು. ಅವನ ಪಾಲಿಗೆ ಸೋಡಾ ಬಾಟಲಿಯ ಮುಚ್ಚಳಗಳು. ಕಬ್ಬಿಣ ಸಿಕ್ಕರೆ ನನಗೆ, ಮಿಕ್ಕದ್ದು ನಿನಗೆ ಎಂದು ಪಾಸ್ಕು ಉದಾರವಾಗಿ ಹೇಳಿದ್ದ.

ಹೀಗಿರುವಾಗ ಒಂದು ಭಾನುವಾರ ಪಾಸ್ಕುವಿನ ಬದುವಿನಲ್ಲಿ ಯಂತ್ರ ಕುಂಯ್ ಎಂದಿತು. ಅಗೆದರೆ ಬೆರಳುದ್ದದ ಕಪ್ಪು ತಂತಿ, ನಡುವೆ ಮಡಿಸಿದ್ದು. ಪಾಸ್ಕು ಅದನ್ನು ನೋಡಿ, ಹೇರ್‌ಪಿನ್ ಸಿಕ್ಕಿತು, ಹೋಗಿ ಹೆಂಡತಿಯ ತಲೆಗೆ ಸಿಕ್ಕಿಸು ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಮೀರಸಾಬನೂ ಎಸೆಯುವವನೇ ಇದ್ದ. ತಂತಿ ಯಾವುದೇ ಆಗಲಿ ಬಿಸಾಡಬಾರದೆಂಬ ವರ್ಕ್‌ಶಾಪಿನ ಚಾಳಿಯಿಂದ ಕಿಸೆಗೆ ಹಾಕಿಕೊಂಡ. ಮರುದಿನ ವರ್ಕ್‌ಶಾಪಿನಲ್ಲಿ ತಿಕ್ಕಿದಾಗ ಬೆಳ್ಳಿ ಕಂಡಿತು, ಬೆಳ್ಳಿಯ ಮೇಲೆ ಅಕ್ಷರ ಕಂಡವು. ಅಲ್ಪಸ್ವಲ್ಪ ಉರ್ದು ಓದಿದ್ದ ಅವನಿಗೆ 'ಅಲಿ' ಎಂಬಷ್ಟು ಓದಲು ಬಂತು.

ಫೋರ್ಟಿನಲ್ಲಿ ಹಳೆಯ ನಾಣ್ಯ ಮಾರುವ ಪಾರ್ಸಿ ಮುದುಕನೊಬ್ಬ ಭೂತಕನ್ನಡಿಯಲ್ಲಿ ನೋಡಿ, ಕುರ್ಚಿಯಿಂದ ಎದ್ದೇ ಬಿಟ್ಟ. ಇದು ಲಾರಿನ್ ಎಂಬ ನಾಣ್ಯ, ಬೆಳ್ಳಿ ತಂತಿ ಮಡಿಸಿ ಅದರ ಮೇಲೆ ಅಚ್ಚು ಒತ್ತಿದ್ದು, ಕೊಂಕಣದ ಬಂದರುಗಳಲ್ಲಿ ನಡೆಯುತ್ತಿತ್ತು, ವಿಜಾಪುರದ ಅಲಿ ಆದಿಲಶಾಹನ ಕಾಲದ್ದು, ಹೆಸರು ಇಷ್ಟು ಸ್ಪಷ್ಟವಾಗಿರುವುದು ತನ್ನ ಅಂಗಡಿಗೆ ಬಂದೇ ಇಲ್ಲ ಎಂದ. ಕೊಡುತ್ತೀಯಾ ಎಂದು ಕೇಳಿದ. ಅಜ್ಜನನ್ನೇ ಮಾರುತ್ತೀಯಾ ಎಂದು ಕೇಳಿದವರನ್ನು ನೋಡುವಂತೆ ಅಮೀರಸಾಬ ಅವನನ್ನು ನೋಡಿದ. ಟಂಕಸಾಲೆಯ ವಾರಸುದಾರನಿಗೆ ತನ್ನ ಟಂಕಸಾಲೆಯ ನಾಣ್ಯ ಹೇಗಿರುತ್ತದೆಂದು ಒಬ್ಬ ಪಾರ್ಸಿ ಹೇಳಿಕೊಡಬೇಕಾಯಿತಲ್ಲ ಎಂಬ ನಾಚಿಕೆ ಮಾತ್ರ ಅವನ ಹತ್ತಿರ ಸುಳಿಯಲಿಲ್ಲ.

ಆ ಹೊತ್ತಿಗೆ ಮನೆಯಲ್ಲಿ ಮಗಳು ಸುಗರಾಳ ಮದುವೆಯ ಮಾತು ನಡೆದಿತ್ತು. ಹುಡುಗ ಚಾಂದಸಾಬ, ಭಾಂಡುಪಿನ ಕಾರ್ಖಾನೆಯೊಂದರಲ್ಲಿ ಲೇತ್ ಮೇಲೆ ಕೆಲಸ. ಹೆಣ್ಣು ನೋಡಲು ಬಂದ ದಿನ ಸುಗರಾ ಚಹದ ತಟ್ಟೆ ಹಿಡಿದು ಬಂದಾಗ, ಬಿಸಿ ಇದೆ ಇತ್ತ ಕೊಡ್ರಿ ಎಂದು ಎದ್ದು ತಾನೇ ತಟ್ಟೆ ಇಸಿದುಕೊಂಡಿದ್ದ. ಶರ್ಟು ಹೊಲಿಯುವ ಕಾರ್ಖಾನೆಯಲ್ಲಿ ದಿನವೆಲ್ಲ ಕಾಜಾ ಮಾಡುವ ಸುಗರಾಳ ಕೈಯಿಂದ ಅದುವರೆಗೆ ಯಾವ ಗಂಡಸೂ ಏನನ್ನೂ ಇಸಿದುಕೊಂಡಿರಲಿಲ್ಲ. ಅವಳಿಗೆ ಅಷ್ಟು ಸಾಕಾಯಿತು. ಹುಡುಗನ ತಂದೆ ಮಕ್ತುಮಸಾಬ ಕಡಿಮೆ ಮಾತಿನ ಫೋರ್‌ಮನ್. ಮಕ್ತುಮಸಾಬನ ತಾಯಿ ನಜಮುನ್ನೀಸಾ ಮನೆತನ, ನಡತೆ, ನಮಾಜು ಎಂದು ಹತ್ತು ಸಲ ವಿಚಾರಿಸುವ ಮುದುಕಿ, ಅವಳೂ ಒಪ್ಪಿದ್ದಳು. ತಾರೀಖು ಗೊತ್ತುಮಾಡಲು ಗುರುವಾರ ಭಾಂಡುಪಿಗೆ ಬನ್ನಿ ಎಂದು ಹೇಳಿಕಳಿಸಿದ್ದರು. ಟಂಕಸಾಲೆಗೆ ಸಾಕ್ಷಿ ತನ್ನಿ ಎಂದು ಯಾರೂ ಕೇಳಿರಲಿಲ್ಲ. ಇದನ್ನು ಒತ್ತಿ ಹೇಳಬೇಕು, ಯಾರೂ ಕೇಳಿರಲಿಲ್ಲ.

ಆದರೆ ಕೈಯಲ್ಲಿ ಸುಲ್ತಾನನ ನಾಣ್ಯ ಇಟ್ಟುಕೊಂಡು ಬೀಗರ ಮನೆಗೆ ಬರಿಗೈಲಿ ಹೋಗುವ ಜೀವವಲ್ಲ ಅಮೀರಸಾಬನದು. ಸಮಸ್ಯೆ ದಾದರ್. ಭಾಂಡುಪಿಗೆ ಹೋಗಲು ಅಲ್ಲಿ ಗಾಡಿ ಬದಲಿಸಬೇಕು, ದಾದರಿನ ಸೇತುವೆಯ ಮೇಲೆ ಅವನ ಕಿಸೆ ಹಿಂದೊಮ್ಮೆ ಕತ್ತರಿಸಿಹೋಗಿತ್ತು. ಯೋಚಿಸಿ ಯೋಚಿಸಿ ಉಪಾಯ ಹುಡುಕಿದ: ಇಮಾಮ್ ಜಾಮಿನ್. ದೂರದ ಪ್ರಯಾಣಕ್ಕೆ ಹೊರಟವರ ತೋಳಿಗೆ ಹಸಿರು ಬಟ್ಟೆಯಲ್ಲಿ ನಾಣ್ಯ ಸುತ್ತಿ ಕಟ್ಟುತ್ತಾರೆ. ದಾರಿಯುದ್ದಕ್ಕೂ ಕಾಯುವವನು ಇಮಾಮ. ಸುಖವಾಗಿ ಮುಟ್ಟಿದ ಮೇಲೆ ಆ ನಾಣ್ಯ ಬಡವರಿಗೆ ದಾನ. ಮುಂಬೈಯ ಕಿಸೆಗಳ್ಳನೂ ಅದಕ್ಕೆ ಕೈಹಚ್ಚಲು ಹೆದರುತ್ತಾನೆ ಎಂಬುದು ಅಮೀರಸಾಬನ ಲೆಕ್ಕ.

"ಭಾಂಡುಪ್‌ಗೆ ಹೋಗಾಕ ಇಮಾಮ್ ಜಾಮಿನ್? ಹಜ್‌ಗೆ ಹೊಂಟೀರೇನು?" ಎಂದಳು ದೌಲತಬಿ. "ಮತ್ತ ಮುಟ್ಟಿದ ಮ್ಯಾಲ ಅದನ್ನ ಕೊಡಬೇಕಾಗ್ತೈತಿ, ನೆನಪೈತಿ ಇಲ್ಲೋ?"

"ಅದು ಖರೇ ಪ್ರವಾಸಕ್ಕ. ಲೋಕಲ್‌ಗೆ ಆ ಕಾಯದೆ ಇಲ್ಲ."

ಬಟ್ಟೆ ಹೊಲಿದು ತೋಳಿಗೆ ಕಟ್ಟಿದವಳು ಸುಗರಾ. ಅಪ್ಪ ತನ್ನ ಕೆಲಸಕ್ಕೆ ಹೊರಟಿದ್ದಾನೆಂಬ ಸಂತೋಷದಲ್ಲಿ ಗಂಟಿನ ಸುತ್ತ ಜರಿಯ ದಾರವನ್ನೂ ಹಾಕಿದ್ದಳು.

ಗಂಡ ಹೆಂಡತಿ ಭಾಂಡುಪ್ ಮುಟ್ಟಿದರು. ಕಿಸೆಗಳ್ಳರಿಂದ ಏನೂ ತೊಂದರೆಯಾಗಲಿಲ್ಲ. ಹೊಸ್ತಿಲಲ್ಲೇ ನಜಮುನ್ನೀಸಾಳ ಕಣ್ಣು ಅಮೀರಸಾಬನ ತೋಳಿನ ಮೇಲೆ ಬಿತ್ತು.

"ಯಾ ಅಲ್ಲಾ! ನೋಡೋ ಮಕ್ತುಮ, ಎಂಥಾ ದೀನದಾರ ಮಂದಿ. ಮಗಳ ಕೆಲಸ ಅಂತ ಜೋಗೇಶ್ವರಿಯಿಂದ ಬರಾಕ ಸುದ್ದಾ ಇಮಾಮನ್ನ ಕರಕೊಂಡು ಬಂದಾರ!"

ಮದುವೆ ಅಲ್ಲಿಗೆ ಮುಗಿದಂತೆಯೇ. ಇನ್ನು ಅಮೀರಸಾಬ ಮಾಡಬೇಕಾಗಿದ್ದದ್ದು ಶರಬತ್ತು ಕುಡಿಯುವುದು, ಬಾಯಿ ಮುಚ್ಚಿಕೊಂಡಿರುವುದು. ಆದರೆ ಅಂದು ಗುರುವಾರ, ಗುರುವಾರದ ಫಕೀರ ಆಗಲೇ ಬಾಗಿಲಲ್ಲಿ ನಿಂತು ದುವಾ ಹೇಳುತ್ತಿದ್ದ. ಮುದುಕಿ ತನ್ನ ಕೈಯಾರೆ ತೋಳಿನ ಗಂಟು ಬಿಚ್ಚಿ, "ಸುಖರೂಪ ಮುಟ್ಟಿದ್ರಿ. ಇನ್ನ ಇದು ನಮ್ಮದಲ್ಲ," ಎಂದು ಬಟ್ಟೆ ಸಮೇತ ಫಕೀರನ ಬಟ್ಟಲಿಗೆ ಹಾಕಿದಳು. ಅಮೀರಸಾಬನ ಬಾಯಿಂದ "ಅಮ್ಮಾ" ಎಂಬುದು ಹೊರಡುವಷ್ಟರಲ್ಲಿ ಫಕೀರ ನಾಲ್ಕು ಮನೆ ದಾಟಿದ್ದ.

ಒಳಗೆ ಮಕ್ತುಮಸಾಬ ಈದ್ ಆದ ಮೇಲೆ ಇಟ್ಟುಕೊಳ್ಳೋಣವೇ ಎಂದು ಕೇಳಿದ. ಅಮೀರಸಾಬನ ಕಿವಿ ಗಲ್ಲಿಯಲ್ಲಿ ದೂರವಾಗುತ್ತಿದ್ದ ಫಕೀರನ ಕೋಲಿನ ಸದ್ದಿನ ಹಿಂದೆ ಹೋಗಿತ್ತು. ಹೂಂ ಎಂದವಳು ದೌಲತಬಿ. ಎದ್ದು ಹೋಗಲು ಯಾವ ನೆಪ ಹೇಳಲಿ ಎಂದು ಅವನು ಹುಡುಕುತ್ತಿರುವಾಗಲೇ ಫಕೀರ ತಾನಾಗಿಯೇ ತಿರುಗಿ ಬಂದ. ಕೈಯಲ್ಲಿದ್ದ ಹಸಿರು ಬಟ್ಟೆ ಬಿಚ್ಚಿತ್ತು, ಮುಖ ಕೆಂಪಾಗಿತ್ತು.

"ಅಮ್ಮಾಜಾನ್, ನಯಾ ಪೈಸಾ ದೇತೀ ತೋ ಭೀ ದುವಾ ದೇತಾ. ಇಮಾಮ್ ಕೇ ನಾಮ್ ಪೇ ಹೇರ್‌ಪಿನ್?"

ಮುದುಕಿ ಅವನ ಅಂಗೈ ನೋಡಿದಳು, ಆಮೇಲೆ ಬೀಗರ ಮುಖ ನೋಡಿದಳು. "ಇಮಾಮನ ಹೆಸರ್ಲೆ ಹೇರ್‌ಪಿನ್ ಕಟಕೊಂಡು ಬಂದ್ರೇನು?"

ಅಮೀರಸಾಬ ನೆಗೆದೆದ್ದು ಫಕೀರನ ಕೈಯಿಂದ ಅದನ್ನು ಕಸಿದುಕೊಂಡ. "ಪಿನ್ ಅಲ್ರೀ ಅದು! ಸಿಕ್ಕಾ! ಅಲಿ ಆದಿಲಶಾಹನ ಸಿಕ್ಕಾ, ನಮ್ಮ ಟಂಕಸಾಲಿದು! ಇಡೀ ಮುಂಬೈದಾಗ ಇಂಥಾದ್ದು ಇಲ್ಲಂತ ಪಾರ್ಸಿ ಹೇಳ್ಯಾನ!" ಎಂದು ಅಕ್ಷರಗಳನ್ನು ಮಕ್ತುಮಸಾಬನ ಮೂಗಿನ ಬುಡಕ್ಕೆ ಹಿಡಿದ. ಇಷ್ಟು ವರ್ಷ ಕಾದಿದ್ದ ಗಳಿಗೆ ಅದು. ಅವನ ಮುಖದಲ್ಲಿ ಅಪ್ಪನ ಟಾಂಗಾದ ಕುದುರೆಯೇ ಕುಣಿಯುತ್ತಿತ್ತು.

ನಜಮುನ್ನೀಸಾಳ ಮುಖ ಅರಳಿತು. "ಹಂಗಾದ್ರ ಬೇಷಾತು! ಇಮಾಮನ ಹೆಸರ್ಲೆ ಸುಲ್ತಾನನ ಸಿಕ್ಕಾ ತೆಗೆದೀರಿ. ಇದು ಮನೆತನ ಅಂದ್ರ. ಕೊಡ್ರಿ ಬಾಬಾಗ, ನಿಮ್ಮ ಕೈಲೆ ಕೊಡ್ರಿ."

ಫಕೀರ ಬಟ್ಟಲು ಮುಂದೆ ಚಾಚಿದ. ಅಮೀರಸಾಬನ ಮುಷ್ಟಿ ಮುಚ್ಚಿಕೊಂಡಿತು.

"ಅದೂ... ದಾನಕ್ಕಂತ ಅಲ್ರೀ. ದಾದರ್‌ದಾಗ ಕಳ್ಳರು ಭಾಳ. ಜ್ವಾಕಿಗಂತ ಕಟ್ಟಿದ್ದು."

"ನಾ ಬದಲಿ ಏನರ ಕೊಡ್ತೀನವ್ವಾ," ಎಂದ ಮಕ್ತುಮಸಾಬ, ಪಾಪ, ಒಳ್ಳೆಯ ಮನುಷ್ಯ.

"ಸುಮ್ಮನಿರು ನೀ," ಎಂದಳು ಮುದುಕಿ. "ಅವರ ತೋಳಿಂದು ಅವರ ಕೊಡಬೇಕು. ಪಿನ್ನಾದ್ರ ನೀವು ಇಮಾಮಗ ಮೋಸ ಮಾಡಿದ್ರಿ. ಸಿಕ್ಕಾ ಆದ್ರ ಅದು ಇಮಾಮಂದು. ಯಾವುದು ಅಂತ ನೀವ ಹೇಳ್ರಿ, ಅಮೀರಸಾಬ."

"ಸುಗರಾನ ಮಾರಿ ನೋಡಿ ಕೊಡ್ರಿ," ಎಂದಳು ದೌಲತಬಿ.

ಐದು ಬೆರಳು ಬಿಚ್ಚಬೇಕಾಗಿತ್ತು, ಅಷ್ಟೇ. ಬಿಚ್ಚಿದ್ದರೆ ಭಾಂಡುಪಿನಲ್ಲಿ ಅವನಿಗೆ ಸುಲ್ತಾನನ ಮರ್ಯಾದೆ, ಮಗಳಿಗೆ ಬಿಸಿ ತಟ್ಟೆ ಇಸಿದುಕೊಳ್ಳುವ ಗಂಡ. ಟಂಕಸಾಲೆಯ ಕಥೆಯನ್ನು ಯಾರಾದರೂ ಖರೇ ನಂಬುವುದಿದ್ದರೆ ಅದು ಆ ಗಳಿಗೆಯಲ್ಲಿ, ಆ ಕೋಣೆಯಲ್ಲಿ. ಅಮೀರಸಾಬ ಮುಷ್ಟಿಯನ್ನು ಹಾಗೇ ಕಿಸೆಗೆ ಇಳಿಸಿದ. ಆಮೇಲೆ ಕೂತು, ನಾಚಿಕೆಗೆಟ್ಟವನು, ಉಳಿದ ಶರಬತ್ತು ಕುಡಿದ.

ನಜಮುನ್ನೀಸಾ ಖಾಲಿ ಗ್ಲಾಸು ಎತ್ತಿಕೊಂಡಳು. "ನಿಮಗ ಖಜಾಂಚಿ ಅಂತಾರಂತ. ಖರೇನ ಅದ. ಒಳಗ ಹೋದದ್ದು ಹೊರಗ ಬರೂದಿಲ್ಲ," ಎಂದು ಒಳಗೆ ಹೋದವಳು ಅವರು ಹೊರಡುವವರೆಗೂ ಹೊರಗೆ ಬರಲಿಲ್ಲ.

ದೌಲತಬಿ ವಾಪಸು ಬರುವಾಗ ಹೆಂಗಸರ ಡಬ್ಬಿ ಹತ್ತಿದಳು. ಚಾಳಿನ ಗ್ಯಾಲರಿಯಲ್ಲಿ ಕಾಯುತ್ತಿದ್ದ ಸುಗರಾ ತಾರೀಖು ಯಾವುದೆಂದು ಕೇಳಿದಾಗ ಅವಳನ್ನು ದಾಟಿಕೊಂಡು ಒಳಗೆ ಹೋದಳು. ಹಿಂದೆ ಬಂದ ಅಮೀರಸಾಬ ಮುಷ್ಟಿ ಬಿಚ್ಚಿ ಮಗಳಿಗೆ ತೋರಿಸಿ, "ಉಳೀತು ನೋಡು," ಎಂದ. ಅವನಿಗೆ ನಿಜಕ್ಕೂ ಸಂತೋಷವಾಗಿತ್ತು. ಅದೇ ಸಿಟ್ಟು ಬರಿಸುವ ಸಂಗತಿ.

ಹೇರ್‌ಪಿನ್ನಿನ ಸುದ್ದಿ ಭಾಂಡುಪಿನಿಂದ ಹೊರಟು ನಮ್ಮ ಕಡೆಯ ಮಂದಿ ಇದ್ದಲ್ಲೆಲ್ಲ ತಲುಪಿತು. ಚಾಂದಸಾಬನಿಗೆ ಬೇರೆ ಕಡೆ ಮದುವೆಯಾಯಿತು. ಸುಗರಾಳನ್ನು ಕೇಳಿಕೊಂಡು ಬರುವವರು ಕಡಿಮೆಯಾಗಿ, ಆಮೇಲೆ ನಿಂತೇ ಹೋದರು. ನಾಣ್ಯವನ್ನು ಕೇಳಿಕೊಂಡು ಬರುವವರು ಮಾತ್ರ ಹೆಚ್ಚಿದರು. ಅಮೀರಸಾಬ ಅದನ್ನು ಕೆಂಪು ಮಖಮಲ್ಲಿನ ಮೇಲಿಟ್ಟು, ಗಾಜು ಹಾಕಿಸಿ, ಬಾಗಿಲಿಗೆ ಎದುರಾದ ಗೋಡೆಗೆ ತೂಗುಹಾಕಿದ್ದ. ಬೇರೆ ಖೋಲಿಗಳಲ್ಲಿ ಆ ಜಾಗದಲ್ಲಿ ಮಕ್ಕಳ ಮದುವೆಯ ಫೋಟೋ ಇರುತ್ತದೆ.

ಎಪ್ಪತ್ತೊಂಬತ್ತರಲ್ಲಿ ಧಾರವಾಡದಿಂದ ಇತಿಹಾಸದ ಮೇಷ್ಟರೊಬ್ಬರು ನೋಡಲು ಬಂದರು. ಅಮೀರಸಾಬ ಹೊಸ ಟೋಪಿ ಹಾಕಿಕೊಂಡು ಕೂತಿದ್ದ. ಸುಗರಾ ಚಹದ ತಟ್ಟೆ ತಂದಳು. ಆಗಲೇ ಕಿವಿಯ ಹತ್ತಿರ ಒಂದೆರಡು ಬಿಳಿ ಕೂದಲು. ಮೇಷ್ಟರು ತಟ್ಟೆಯಿಂದ ಕಪ್ಪು ಎತ್ತಿಕೊಳ್ಳುತ್ತ, ಗೋಡೆಯ ಮೇಲಿನದು ಅದೇ ಏನಮ್ಮಾ ಎಂದು ಕೇಳಿದರು.

"ಹೇಳ ಬೇಟಾ," ಎಂದ ಅಮೀರಸಾಬ ಹೆಮ್ಮೆಯಿಂದ.

"ಅದು ನನ್ನ ಮದುವಿ ರೀ," ಎಂದಳು ಸುಗರಾ. "ಅಪ್ಪಾ ಫ್ರೇಮ್ ಹಾಕಿಸಿಟ್ಟಾರ."

ಮೇಷ್ಟರು ಏನೋ ತಮಾಷೆಯೆಂದು ನಕ್ಕು ಅಮೀರಸಾಬನ ಕಡೆ ತಿರುಗಿದರು. ಟಂಕಸಾಲೆಯ ಕಥೆ ಶುರುಮಾಡಲು ಬಾಯಿ ತೆರೆದವನು ಹೊಸ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡ. ಸುಗರಾ ಖಾಲಿ ತಟ್ಟೆ ಹಿಡಿದು ಒಳಗೆ ಹೋದಳು.