ಟೊಮೇಟೊ ಕಾಯಿಯೂ ಅಮ್ಮನ ಹರಕೆಯೂ

ಬೆಚ್ಚಿಬೀಳುವುದು ನನ್ನ ಹುಟ್ಟುಗುಣ. ಕುಕ್ಕರ್ ಕೂಗಿದರೆ ಬೆಚ್ಚುತ್ತೇನೆ, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಬೆಚ್ಚುತ್ತೇನೆ, ಹಲ್ಲಿ ಮೈಮೇಲೆ ಬಿದ್ದರಂತೂ ಕೇಳಲೇಬೇಡಿ. ಎದೆಗೆ ಸ್ಟೆಂಟ್ ಹಾಕಿದ ಡಾಕ್ಟರು ಮನೆಗೆ ಕಳಿಸುವಾಗ ಎರಡು ಮಾತು ಹೇಳಿದ್ದರು. ಎಣ್ಣೆಯಲ್ಲಿ ಕರಿದದ್ದು ತಿನ್ನಬೇಡಿ, ಗಾಬರಿ ಮಾಡಿಕೊಳ್ಳಬೇಡಿ. ಮೊದಲನೆಯದನ್ನು ನನ್ನ ಪರವಾಗಿ ನನ್ನ ಹೆಂಡತಿ ಗಾಯತ್ರಿ ಕಟ್ಟುನಿಟ್ಟಾಗಿ ಪಾಲಿಸಿಕೊಂಡು ಬಂದಿದ್ದಾಳೆ. ಎರಡನೆಯದನ್ನು ಯಾರು ಪಾಲಿಸಬೇಕೆಂದು ಇನ್ನೂ ತೀರ್ಮಾನವಾಗಿಲ್ಲ. ಹೊಸಕೋಟೆಯಲ್ಲಿ ಹೆದ್ದಾರಿಯ ಹಾರನ್ನುಗಳ ನಡುವೆ ಗಾಬರಿಯಿಲ್ಲದೆ ಬದುಕುವುದು ಹೇಗೆಂದು ಆ ಡಾಕ್ಟರು ಚೀಟಿಯಲ್ಲಿ ಬರೆದುಕೊಡಲಿಲ್ಲ. ಹೋಗಲಿ, ಹೆದ್ದಾರಿಗೆ ಹೇಗೋ ಒಗ್ಗಿಕೊಂಡಿದ್ದೆ. ಆದರೆ ಮೊನ್ನೆ ಒಂದು ಶನಿವಾರ ನಾನೇ ನನ್ನ ಕೈಯಾರೆ ಮಾಡಿದ ತಿಂಡಿ ಕೊಟ್ಟ ಆಘಾತವಿದೆಯಲ್ಲ, ಅದನ್ನು ನಿಮಗೆ ಹೇಳದೆ ನನಗೆ ಸಮಾಧಾನವಿಲ್ಲ.

ತಿಂಡಿ ಅಂದರೆ ಟೊಮೇಟೊ. ಅದೂ ಕಾಯಿ. ನಮ್ಮ ಪಕ್ಕದ ಮನೆಯ ಶಕೀಲಮ್ಮನವರ ಯಜಮಾನರದು ತರಕಾರಿ ಮಂಡಿ. ಮಾರಲು ಬಂದ ಕ್ರೇಟುಗಳಲ್ಲಿ ಹಣ್ಣಿನ ಜೊತೆ ಒಂದಿಷ್ಟು ಹಸಿರು ಕಾಯಿಯೂ ಸೇರಿರುತ್ತದೆ. ಚಿಲ್ಲರೆ ಅಂಗಡಿಯವರು ಅದನ್ನು ಕಂಡರೆ ಮೂತಿ ತಿರುಗಿಸುತ್ತಾರಂತೆ. ಹಾಗೆ ಆರಿಸಿ ಹಾಕಿದ ಕಾಯಿ ಬಕೆಟ್ಟಿನಲ್ಲಿ ಶಕೀಲಮ್ಮನವರ ಮನೆಗೆ, ಅಲ್ಲಿಂದ ಕಾಂಪೌಂಡಿನ ಮೇಲೆ ಹಾದು ನಮ್ಮ ಮನೆಗೆ ಬರುತ್ತದೆ. ಗಾಯತ್ರಿ ಅದರಲ್ಲಿ ಗೊಜ್ಜು ಮಾಡುತ್ತಾಳೆ, ಚಟ್ನಿ ಮಾಡುತ್ತಾಳೆ. ಆ ಶನಿವಾರ ಮಾತ್ರ ಅವಳು ತಂಗಿಯ ಮೊಮ್ಮಗುವಿನ ನಾಮಕರಣಕ್ಕೆಂದು ದೇವನಹಳ್ಳಿಗೆ ಹೋಗಿದ್ದಳು. ಮನೆಯಲ್ಲಿದ್ದದ್ದು ನಾನು, ನಮ್ಮಮ್ಮ ಮತ್ತು ಅರ್ಧ ಬಕೆಟ್ ಟೊಮೇಟೊ ಕಾಯಿ.

ಪಾಪ, ಈ ಟೊಮೇಟೊ ಕಾಯಿಗೆ ನಮ್ಮಲ್ಲಿ ಮರ್ಯಾದೆಯೇ ಇಲ್ಲ. ಮಾವಿನ ಕಾಯಿಗೆ ಉಪ್ಪು ಖಾರ ಹಚ್ಚಿ ಬೀದಿಯಲ್ಲಿ ಕೂರಿಸುತ್ತೇವೆ. ಬಾಳೆಕಾಯಿಗೆ ಬಜ್ಜಿಯ ಪದವಿ ಕೊಟ್ಟಿದ್ದೇವೆ. ಪರಂಗಿ ಕಾಯಿಯನ್ನೂ ಸಾಂಬಾರಿಗೆ ಹಾಕಿ ಮಾತಾಡಿಸುತ್ತೇವೆ. ಟೊಮೇಟೊವನ್ನು ಮಾತ್ರ ತರಕಾರಿ ಅಂಗಡಿಯಲ್ಲಿ ಕೂತಿದ್ದರೂ ಹಣ್ಣು ಎಂದೇ ಕರೆಯುತ್ತೇವೆ, ಅದು ಯಾವತ್ತೂ ಕಾಯಾಗಿರಲೇ ಇಲ್ಲ ಅನ್ನುವಂತೆ. ಎಲ್ಲಿಂದಲೋ ಹಡಗಿನಲ್ಲಿ ಬಂದ, ನಮ್ಮ ಬದನೆಯ ದೂರದ ನೆಂಟ ಈ ಟೊಮೇಟೊ. ಬಂದದ್ದೇ ತಡವಾಗಿ. ಬಂದಮೇಲೆ ಅಡುಗೆಮನೆಯ ಯಜಮಾನಿಕೆಯನ್ನೇ ವಹಿಸಿಕೊಂಡಿತು. ನಮ್ಮಜ್ಜಿಯ ಕಾಲಕ್ಕೆ ಹಬ್ಬದ ಅಡುಗೆಗೆ ಅದನ್ನು ಒಳಗೆ ಬಿಡುತ್ತಿರಲಿಲ್ಲ. ಈಗ ಅದಿಲ್ಲದೆ ತಿಳಿಸಾರೂ ಆಗುವುದಿಲ್ಲ. ಹೀಗೆ ಯೋಚಿಸುತ್ತಾ ಬಕೆಟ್ಟಿನ ಮುಂದೆ ಕೂತವನು ಏನು ಮಾಡಬಹುದು ಎಂದು ಮೊಬೈಲನ್ನು ಕೇಳಿದೆ.

ಮೊದಲನೆಯ ಆಘಾತ ಅಲ್ಲಿಯೇ ಆಯಿತು. ಯಾವುದೋ ದೇಶದ ದಪ್ಪ ಹೆಂಗಸೊಬ್ಬರು ಟೊಮೇಟೊ ಕಾಯಿಯನ್ನು ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ಹಿಟ್ಟಿನಲ್ಲಿ ಹೊರಳಿಸಿ, ಎಣ್ಣೆಯಲ್ಲಿ ಗರಿಗರಿಯಾಗಿ ಹುರಿದು, ಕಣ್ಣು ಮುಚ್ಚಿಕೊಂಡು ತಿನ್ನುತ್ತಿದ್ದರು. ಕಚ್ಚಿದಾಗ ಬಂದ ಕರುಂ ಎನ್ನುವ ಸದ್ದು ನನ್ನ ಮೊಬೈಲಿನಿಂದ ಹೊರಬಂದು ಅಡುಗೆಮನೆಯಲ್ಲೆಲ್ಲ ಓಡಾಡಿತು. ಇಷ್ಟು ವರ್ಷ ಟೊಮೇಟೊ ಬೆಳೆಯುವ ಊರಿನಲ್ಲೇ ಇದ್ದುಕೊಂಡು ನನಗಿದು ಗೊತ್ತಿರಲಿಲ್ಲವಲ್ಲ ಎಂದು ದಂಗಾದೆ. ಅಮ್ಮನಿಗೆ ಮಾಡಿಕೊಡೋಣ ಅನ್ನಿಸಿತು. ಅವಳಿಗೆ ಎಂಬತ್ತರ ಹತ್ತಿರ ವಯಸ್ಸು. ಕೆಲವು ದಿನಗಳಿಂದ ಊಟ ಸೇರುತ್ತಿರಲಿಲ್ಲ. ಏನು ಬಡಿಸಿದರೂ ಬಾಯಿಗೆ ರುಚಿಯಿಲ್ಲ ಎಂದು ತಟ್ಟೆ ಸರಿಸುತ್ತಿದ್ದಳು.

ಗಾಯತ್ರಿಗೆ ಫೋನ್ ಮಾಡಿ ಆ ಹೆಂಗಸು ಬಳಸಿದ ಹಿಟ್ಟು ನಮ್ಮಲ್ಲಿದೆಯೇ ಎಂದು ಕೇಳಿದೆ. ನಾಮಕರಣದ ಗಲಾಟೆಯಲ್ಲಿ ಅವಳಿಗೆ ಅರ್ಧ ಕೇಳಿಸಿತು, ಅರ್ಧ ಕೇಳಿಸಲಿಲ್ಲ. ಅದೆಲ್ಲ ಯಾಕೆ, ಹಿಂದೆ ಮೀನಿಗೆ ಹಚ್ಚುತ್ತಿದ್ದೆನಲ್ಲ ಹಾಗೇ ಹಚ್ಚಿ, ಮೇಲೆ ಚಿರೋಟಿ ರವೆ ಉದುರಿಸಿ, ತವೆಯ ಮೇಲೆ ಹಾಕಿ ಎಂದಳು. ನಾನು ತಿನ್ನಬಹುದಾದದ್ದು ಎರಡೇ ಬಿಲ್ಲೆ ಎಂದೂ ಸೇರಿಸಿದಳು. ಆ ಮಾತು ಮಾತ್ರ ಸ್ಪಷ್ಟವಾಗಿ ಕೇಳಿಸಿತು.

ಹಿಂದೆ ಎಂದಳಲ್ಲ, ಅದಕ್ಕೊಂದು ಕತೆಯಿದೆ. ನಮ್ಮಮ್ಮನಿಗೆ ಮೀನೆಂದರೆ ಪ್ರಾಣ. ನನಗೆ ಎದೆನೋವು ಬಂದು ಆಸ್ಪತ್ರೆಯಲ್ಲಿ ಮಲಗಿದ್ದಾಗ ಅವಳು ತಿರುಪತಿ ತಿಮ್ಮಪ್ಪನಿಗೆ ಹರಕೆ ಹೊತ್ತಳು. ಮಗ ಎದ್ದು ಓಡಾಡುವಂತಾದರೆ ಮೀನು ಮುಟ್ಟುವುದಿಲ್ಲ ಅಂತ. ಕೋಳಿ, ಕುರಿ ಬಿಡಬಹುದಿತ್ತಲ್ಲ ಎಂದು ಆಮೇಲೆ ನಾನು ಕೇಳಿದ್ದಕ್ಕೆ, ಅವೇನು ನನಗೆ ಅಷ್ಟು ಸೇರುವುದಿಲ್ಲ, ಸೇರದೇ ಇರುವುದನ್ನು ಬಿಟ್ಟರೆ ತಿಮ್ಮಪ್ಪನಿಗೆ ತಿಳಿಯುವುದಿಲ್ಲವೇ ಎಂದಿದ್ದಳು. ಅವಳ ಎದುರಿಗೆ ಹುರಿದು ತಿನ್ನುವುದು ಸರಿಯಲ್ಲವೆಂದು ಗಾಯತ್ರಿಯೂ ಮನೆಯಲ್ಲಿ ಮೀನು ಮಾಡುವುದನ್ನು ನಿಲ್ಲಿಸಿದಳು. ಹತ್ತು ಹನ್ನೆರಡು ವರ್ಷವಾಯಿತು. ನಾನು ಈ ಹರಕೆ ಗಿರಕೆಯನ್ನೆಲ್ಲ ನಂಬುವವನಲ್ಲ. ಸ್ಟೆಂಟನ್ನು ನಂಬುವವನು. ಆದರೂ ಅಮ್ಮ ಹರಕೆ ಮುರಿಯದೆ ಇರುವುದು ಒಳ್ಳೆಯದೇ ಎಂದು ಮನಸ್ಸಿನ ಮೂಲೆಯಲ್ಲೊಂದು ಲೆಕ್ಕವಿಟ್ಟುಕೊಂಡಿದ್ದೆ. ಯಾವುದಕ್ಕೂ ಇರಲಿ ಅಂತ.

ಸರಿ, ಕೆಲಸಕ್ಕೆ ಇಳಿದೆ. ಕಾಯಿಯನ್ನು ಬೆರಳಿನ ದಪ್ಪಕ್ಕೆ ಬಿಲ್ಲೆ ಮಾಡಿ, ಉಪ್ಪು ಸವರಿ ಇಟ್ಟೆ. ಸ್ವಲ್ಪ ಹೊತ್ತಿಗೆ ಅವು ಬೆವರತೊಡಗಿದವು. ಆ ನೀರನ್ನು ಬಟ್ಟೆಯಲ್ಲಿ ಒರೆಸದಿದ್ದರೆ ಗರಿಗರಿಯ ಆಸೆ ಬಿಡಬೇಕು. ಖಾರದ ಪುಡಿ, ಅರಿಶಿನ, ಶುಂಠಿ ಬೆಳ್ಳುಳ್ಳಿ ಅರೆದದ್ದು, ನಿಂಬೆರಸ, ಒಂದಿಷ್ಟು ಅಕ್ಕಿ ಹಿಟ್ಟು ಕಲಸಿ ಎರಡೂ ಕಡೆ ಮೆತ್ತಿ, ರವೆಯಲ್ಲಿ ಹೊರಳಿಸಿ ತವೆಗೆ ಹಾಕಿದೆ. ಮೊದಲನೆಯ ಸರದಿ ಹಾಳಾಯಿತು. ನನಗೆ ತಾಳ್ಮೆಯಿಲ್ಲ. ಹಾಕಿದ ಕೂಡಲೇ ಮಗುಚಲು ಹೋದರೆ ರವೆಯ ಅಂಗಿ ತವೆಗೆ ಅಂಟಿಕೊಂಡು ಟೊಮೇಟೊ ಬರಿಮೈಯಲ್ಲಿ ಎದ್ದುಬಂತು. ಎರಡನೆಯ ಸರದಿಯಲ್ಲಿ ಕೈಕಟ್ಟಿಕೊಂಡು ನಿಂತೆ. ಅಂಚು ಹೊಂಬಣ್ಣಕ್ಕೆ ತಿರುಗಿ, ಬಿಲ್ಲೆ ತಾನಾಗಿಯೇ ತವೆ ಬಿಟ್ಟು ಜಾರಾಡತೊಡಗಿದ ಮೇಲೆ ಮಗುಚಿದೆ. ಅಡುಗೆಯಲ್ಲಿ ಅರ್ಧ ಕೆಲಸ ಸುಮ್ಮನಿರುವುದೇ ಎಂದು ನನಗೆ ಈ ವಯಸ್ಸಿನಲ್ಲಿ ತಿಳಿಯಿತು. ಗಾಯತ್ರಿಗೆ ಹೇಳಿದರೆ ಉಳಿದರ್ಧವನ್ನೂ ಅವಳು ನೆನಪಿಸುತ್ತಾಳೆ, ಅದಕ್ಕೆ ಹೇಳಿಲ್ಲ.

ಅಷ್ಟರಲ್ಲಿ ಕಾಂಪೌಂಡಿನ ಆಚೆಯಿಂದ ಶಕೀಲಮ್ಮನವರ ತಲೆ ಕಾಣಿಸಿತು. ಅವರ ಮುಖದಲ್ಲಿದ್ದ ಗಾಬರಿ ನೋಡಿ ಗ್ಯಾಸೇನಾದರೂ ಸೋರುತ್ತಿದೆಯೇ ಎಂದು ನಾನು ಹೌಹಾರಿದೆ.

"ಏನಣ್ಣ, ಶನಿವಾರ ದಿನ ನಿಮ್ಮನೇಲಿ ಮೀನಾ?" ಎಂದರು.

ನಾನು ನಕ್ಕು ಒಂದು ತಟ್ಟೆಯಲ್ಲಿ ನಾಲ್ಕು ಬಿಲ್ಲೆ ಹಾಕಿ ಗೋಡೆಯ ಮೇಲಿಂದ ದಾಟಿಸಿದೆ. ತಾವೇ ಕೊಟ್ಟ ಕಾಯಿ ಹೀಗೆ ವೇಷ ಹಾಕಿಕೊಂಡು ಬಂದದ್ದು ಕಂಡು ಅವರಿಗೂ ಆಶ್ಚರ್ಯವಾಯಿತು. ಒಳ್ಳೆಯ ತಮಾಷೆಯಾಯಿತೆಂದು ನಾನು ಒಳಗೆ ಬಂದೆ. ಆ ವಾಸನೆ ಪಕ್ಕದ ಮನೆಗೆ ಹೋಗಿದ್ದರೆ ನಮ್ಮದೇ ನಡುಮನೆಗೂ ಹೋಗಿರಬೇಕಲ್ಲವೇ ಎಂದು ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಮ್ಮನಿಗೆ ಒಂದು ಕಣ್ಣಿನ ಪೊರೆ ತೆಗೆಸಿದೆ, ಇನ್ನೊಂದಕ್ಕೆ ಇನ್ನೂ ಆಗಬೇಕು. ತಟ್ಟೆಯಲ್ಲಿ ಅನ್ನ, ಸಾರು, ಪಕ್ಕದಲ್ಲಿ ಬಿಲ್ಲೆಗಳು. ಅವಳು ತಟ್ಟೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದಳು. ನೀನೇ ಮಾಡಿದ್ದಾ ಎಂದು ಕೇಳಿದಳು. ಹೂಂ ಎಂದೆ. ನನಗೋಸ್ಕರನಾ ಎಂದಳು. ಇನ್ಯಾರಿಗೆ ಎಂದೆ. ತುದಿ ಮುರಿದು ಬಾಯಿಗಿಟ್ಟುಕೊಂಡು ನಿಧಾನವಾಗಿ ಅಗಿದಳು. ಉಪ್ಪು ಕಡಿಮೆ ಅನ್ನಲಿಲ್ಲ, ಖಾರ ಹೆಚ್ಚಾಯಿತು ಅನ್ನಲಿಲ್ಲ. ಎಲ್ಲವನ್ನೂ ತಿಂದಳು. ಆಮೇಲೆ ತಟ್ಟೆ ಮುಂದೆ ಮಾಡಿ, ಇನ್ನೊಂದು ಹಾಕು ಎಂದಳು. ನಮ್ಮಮ್ಮ ನನ್ನ ಅಡುಗೆಯನ್ನು ಎರಡನೇ ಸಲ ಹಾಕಿಸಿಕೊಂಡದ್ದು ಅದೇ ಮೊದಲು. ಹೆಮ್ಮೆಯಿಂದ ನನ್ನ ಪಾಲಿನ ಎರಡು ಬಿಲ್ಲೆಗಳನ್ನೂ ಅವಳಿಗೇ ಹಾಕಿಬಿಟ್ಟೆ.

ಊಟವಾದ ಮೇಲೆ ಅವಳು ಮಲಗಲಿಲ್ಲ. ಬೆಳಿಗ್ಗೆ ಸ್ನಾನವಾಗಿದ್ದರೂ ಮತ್ತೆ ತಲೆಗೆ ನೀರು ಹಾಕಿಕೊಂಡಳು. ಒದ್ದೆ ಕೂದಲಲ್ಲೇ ದೇವರ ಮುಂದೆ ಕೂತಳು. ಬಾಗಿಲ ಸಂದಿಯಿಂದ ನೋಡಿದರೆ ತುಟಿ ಅಲುಗುತ್ತಿತ್ತು. ಜಪ ಮಾಡುವ ರೀತಿಯಲ್ಲಲ್ಲ, ಯಾರನ್ನೋ ಒಪ್ಪಿಸುವ ರೀತಿಯಲ್ಲಿ. ಹೊಟ್ಟೆಗೆ ಏನಾದರೂ ಆಯಿತೇ, ಹಸಿ ಕಾಯಿ ಈ ವಯಸ್ಸಿಗೆ ಆಗಿಬರಲಿಲ್ಲವೇ ಎಂದು ನನಗೆ ದಿಗಿಲು. ಕೇಳಿದರೆ ಏನಿಲ್ಲ ಹೋಗು ಎಂದಳು. ಸಂಜೆ ಕಾಫಿ ತಂದುಕೊಟ್ಟಾಗ ಅವಳೇ ಮಾತು ತೆಗೆದಳು.

"ಮೀನು ಚೆನ್ನಾಗಿತ್ತು ಕಣಪ್ಪ. ಹುಳಿ ಒಂಚೂರು ಮುಂದಾಗಿತ್ತು. ಈಗಿನ್ ಮೀನಿಗೆ ಮೊದಲಿನ್ ರುಚಿ ಎಲ್ಲೈತೆ. ಆದ್ರೂ ಚೆನ್ನಾಗಿತ್ತು."

ನನ್ನ ಎದೆ ಧಸಕ್ಕೆಂದಿತು. ನನ್ನ ಲೋಟದ ಕಾಫಿ ಅರ್ಧ ಪಂಚೆಯ ಮೇಲೆ. ಅವಳೇ ಹೇಳುತ್ತಾ ಹೋದಳು. ವಾಸನೆ ಬಂದಾಗಲೇ ಗೊತ್ತಾಯಿತಂತೆ. ಮಗನಿಗೆ ಹರಕೆ ಮರೆತುಹೋಗಿದೆ, ಶನಿವಾರ ಅನ್ನುವುದೂ ನೆನಪಿಲ್ಲ ಅಂದುಕೊಂಡಳಂತೆ. ತಟ್ಟೆ ಮುಂದೆ ಬಂದಾಗ ಬೇಡ ಅನ್ನಬೇಕೆಂದು ಬಾಯಿ ತೆಗೆದವಳು, ಒಂದು ತುಂಡು ಬೆರಳಲ್ಲಿ ಒತ್ತಿ ನೋಡಿ ಸುಮ್ಮನಾದಳಂತೆ.

"ಒಂದು ಮುಳ್ಳೂ ಇರ್ಲಿಲ್ಲ ಕಣೋ. ಕೂತ್ಕಂಡು ಒಂದೊಂದೇ ಮುಳ್ಳು ಬಿಡಿಸಿ ಮಾಡವ್ನೆ ನನ್ ಮಗ ಅಂದ್ಕಂಡೆ. ಹೆಂಗಪ್ಪಾ ಬೇಡ ಅನ್ಲಿ?"

ಏನು ಹೇಳಲಿ ನಿಮಗೆ. ಇಡೀ ಮಧ್ಯಾಹ್ನ ಆ ಮುದುಕಿ ಹರಕೆ ಮುರಿದೆನೆಂಬ ಸಂಕಟವನ್ನು ಒಬ್ಬಳೇ ನುಂಗಿಕೊಂಡು, ತಪ್ಪು ನನ್ನದು, ನನ್ನ ಮಗನಿಗೆ ಏನೂ ಮಾಡಬೇಡ ಎಂದು ತಿಮ್ಮಪ್ಪನ ಕಾಲು ಹಿಡಿದು ಕೂತಿದ್ದಾಳೆ. ನಾನು ಬಿಡಿಸಿದ್ದು ಮುಳ್ಳಲ್ಲ, ಟೊಮೇಟೊ ತೊಟ್ಟು. ನನಗೆ ನಗು ಬರಲಿಲ್ಲ. ಅದು ಮೀನಲ್ಲಮ್ಮ, ಟೊಮೇಟೊ ಕಾಯಿ ಎಂದೆ. ಅವಳು ನಂಬಲಿಲ್ಲ. ಮನಸ್ಸಿಗೆ ಸಮಾಧಾನ ಹೇಳಲು ಸುಳ್ಳು ಹೇಳುತ್ತೀಯ ಎಂದಳು. ಒಳಗೆ ಓಡಿ, ಉಳಿದಿದ್ದ ಹಸಿ ಬಿಲ್ಲೆ, ಅಂಗಿ ಕಳೆದುಕೊಂಡ ಬಿಲ್ಲೆ ಎರಡನ್ನೂ ತಂದು ಅವಳ ಅಂಗೈಯಲ್ಲಿಟ್ಟೆ. ಮೂಸಿದಳು, ಹಿಚುಕಿದಳು, ಬೀಜ ಬೆರಳಿಗೆ ಮೆತ್ತಿಕೊಂಡಿತು.

ನೆಮ್ಮದಿಯಿಂದ ಕೈಮುಗಿಯುತ್ತಾಳೆ ಎಂದು ಕಾದೆ. ಆದರೆ ಅವಳ ಮುಖ ಇಳಿದುಹೋಯಿತು. ಟೊಮೇಟೊನಾ ಎಂದಳು, ಯಾರೋ ಮೋಸ ಮಾಡಿದಂತೆ. ದೇವರ ಪಟದ ಕಡೆಗೆ ಗಲ್ಲ ಎತ್ತಿ ತೋರಿಸಿದಳು. ಅಲ್ಲಿ ಅರಿಶಿನದ ಬಟ್ಟೆಯ ಸಣ್ಣ ಗಂಟೊಂದಿತ್ತು. ಬಟ್ಟೆ ಇನ್ನೂ ಹಸಿಯಾಗಿತ್ತು. ತಪ್ಪು ಕಾಣಿಕೆ. ತಪ್ಪಾಯಿತು ಅಂತ ದೇವರಿಗೆ ಕಾಸು ಮುಡಿಪು ಕಟ್ಟುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಒಂದು ಸಲ ತಿಮ್ಮಪ್ಪನ ಹೆಸರಿನಲ್ಲಿ ಕಟ್ಟಿದ ಮೇಲೆ ಬಿಚ್ಚುವಂತಿಲ್ಲ, ಅದು ತಿರುಪತಿಯ ಹುಂಡಿಗೇ ಹೋಗಬೇಕು ಅನ್ನುವುದೂ ಗೊತ್ತಿರುವುದೇ.

"ಮಾಡದೇ ಇರೋ ತಪ್ಪಿಗೆ ಕಾಣಿಕೆ ಹಾಕಿದ್ರೆ ಅವನಾದ್ರೂ ಏನಂದ್ಕಂತಾನೆ? ನಾಳೆ ಭಾನುವಾರ. ಕೆರೆ ಏರಿ ತಾವ ಹೋಗಿ ಮೀನು ತಗಂಬಾ."

ಆಘಾತ ಎಂದರೆ ಇದು. ದೇವರ ದಂಡವನ್ನು ಮುಂಗಡ ಕಟ್ಟಿ ತಪ್ಪು ಮಾಡಲು ಹೊರಟ ಹೆಂಗಸನ್ನು ನಾನು ಹಿಂದೆಂದೂ ನೋಡಿರಲಿಲ್ಲ. ಮಹಾ ವಿಚಾರವಾದಿಯಾದ ನನ್ನ ಕೈ ನನಗೆ ತಿಳಿಯದೆಯೇ ಎದೆಯ ಮೇಲೆ ಹೋಗಿತ್ತು. ಹರಕೆ ಎಂದೆ. ಅವಳು ನನ್ನ ಕೈಯನ್ನೂ ಎದೆಯನ್ನೂ ನೋಡಿದಳು.

"ಅದನ್ನೂ ಮಧ್ಯಾಹ್ನನೇ ತಿಮ್ಮಪ್ಪನ್ನ ಕೇಳ್ದೆ. ನನ್ ಮಗ ಎದ್ದು ಓಡಾಡ್ಲಿ ಅಂತ ಬಿಟ್ಟಿದ್ದು. ಈಗ ಅಡುಗೆ ಮಾಡಿ ಬಡಿಸೋ ಹಂಗಾಗವ್ನೆ, ಇನ್ನೂ ಹಿಡ್ಕಂಡಿರ್ಬೇಕೇನಪ್ಪಾ ಅಂತ ಕೇಳ್ದೆ. ಅವನೇನೂ ಅನ್ಲಿಲ್ಲ."

ಭಾನುವಾರ ಬೆಳಿಗ್ಗೆ ಸ್ಕೂಟರ್ ತೆಗೆದುಕೊಂಡು ಕೆರೆ ಏರಿಗೆ ಹೋದೆ. ದಾರಿಯಲ್ಲಿ ಎರಡು ಸಲ ನಿಲ್ಲಿಸಿ ನಾಡಿ ನೋಡಿಕೊಂಡೆ ಎಂದು ಹೇಳಿದರೆ ನೀವು ನಗುತ್ತೀರಿ, ನಗಿ. ಅದೇ ಮಸಾಲೆ, ಅದೇ ರವೆ, ಅದೇ ತವೆ. ಹುರಿದ ತುಂಡುಗಳನ್ನು ಮುಂದಿಟ್ಟುಕೊಂಡು ಕೂತು ಮುಳ್ಳು ಬಿಡಿಸತೊಡಗಿದೆ. ಅದೆಂಥ ಕೆಲಸ ಅಂತೀರಿ. ಒಂದು ತೆಗೆದರೆ ಅದರ ಹಿಂದೆ ಇನ್ನೊಂದು ಕೂದಲೆಳೆಯಷ್ಟು ಸಣ್ಣದು. ಬೆರಳ ತುದಿ ಉರಿಯತೊಡಗಿದಾಗ, ನಾನು ಇದನ್ನೆಲ್ಲ ಮಾಡಿದ್ದೇನೆಂದು ನಂಬಿ ಅವಳು ಹಿಂದಿನ ದಿನ ಹರಕೆಯನ್ನೇ ತಿಂದಿದ್ದಳಲ್ಲ ಎಂದು ನೆನಪಾಯಿತು. ಇನ್ನಷ್ಟು ಎಚ್ಚರಿಕೆಯಿಂದ ಹುಡುಕಿದೆ.

ಅಮ್ಮ ತಿಮ್ಮಪ್ಪನ ಪಟದ ಕಡೆಗೊಮ್ಮೆ ನೋಡಿ, ತುತ್ತು ಬಾಯಿಗಿಟ್ಟುಕೊಂಡಳು. ನಾನು ಉಸಿರು ಹಿಡಿದು ಕಾದೆ. ಬಹಳ ಹೊತ್ತು ಅಗಿದಳು. ಆಮೇಲೆ ನನ್ನ ಬೆನ್ನು ಸವರಿ, ಬೇಜಾರು ಮಾಡಿಕೊಳ್ಳಬೇಡ ಅನ್ನುವ ದನಿಯಲ್ಲಿ ಮೆಲ್ಲಗೆ ಹೇಳಿದಳು:

"ನಿನ್ನೆ ಮೀನೇ ಚೆನ್ನಾಗಿತ್ತು ಕಣಪ್ಪ."