ಹದಿನಾಲ್ಕನೇ ನಂಬರಿನ ಅಳು

ವರ್ಲಿನ್ ಟೊಫ್ಟಿ ಸಾಯುವಷ್ಟು ಚೆನ್ನಾಗಿ ಪಶ್ಚಿಮ ಡಕೋಟಾದಲ್ಲಿ ಯಾವ ಮೊಲವೂ ಸಾಯುತ್ತಿರಲಿಲ್ಲ. ಬೆಲ್ನಾಪ್ ಊರಿನ ಹೋಟೆಲಿನಲ್ಲಿ ಕಾಫಿ ಕುಡಿಯುವವರೆಲ್ಲ ಒಪ್ಪಿಕೊಂಡಿದ್ದ ಮಾತು ಇದು. ಅವರೆಲ್ಲ ಒಪ್ಪಿಕೊಂಡಿದ್ದ ಮಾತು ಇದೊಂದೇ.

ಅಪ್ಪ ದನದ ಕೊಂಬಿನ ತುದಿ ಕೊಯ್ದು ಮಾಡಿಕೊಟ್ಟಿದ್ದ ಪೀಪಿಯನ್ನು ತುಟಿಗಿಟ್ಟು, ಅಂಗೈಗಳನ್ನು ಮುಚ್ಚಿ ತೆರೆದು ಅವನು ಊದಿದನೆಂದರೆ, ಮುಳ್ಳುತಂತಿಗೆ ಸಿಕ್ಕಿಬಿದ್ದ ಮೊಲವೊಂದು ಮೊದಲು ದೇವರನ್ನು ಕರೆದು, ಆಮೇಲೆ ಬೈದು, ಕೊನೆಗೆ ಅವನ ಆಸೆಯನ್ನೂ ಬಿಟ್ಟಂತೆ ಕೇಳುತ್ತಿತ್ತು. ಎರಡು ಮೈಲಿ ಆಚೆಯ ಕಾಯೋಟಿ ಊಟ ಸಿಕ್ಕಿತೆಂದು ಓಡಿಬಂದು ಅವನ ಕೋವಿಗೆ ಬೀಳುತ್ತಿತ್ತು. ಕಾಯೋಟಿ ಎಂದರೆ ನರಿಗಿಂತ ಒಂದು ಗೇಣು ಎತ್ತರ, ತೋಳಕ್ಕಿಂತ ಒಂದು ಗೇಣು ಕುಳ್ಳು, ಬುದ್ಧಿಯಲ್ಲಿ ಇಬ್ಬರಿಗೂ ಅಜ್ಜಿ. ಅಂಥ ಅಜ್ಜಿಯನ್ನು ಮೂಗು ಹಿಡಿದು ಎಳೆದು ತರುವವನು ಎಂಬ ಹೆಸರು ವರ್ಲಿನ್‌ನದು. ಆ ಹೆಸರಿನ ಬಲದಿಂದ ಹೋಟೆಲಿನ ಕಿಟಕಿ ಪಕ್ಕದ ಕುರ್ಚಿ ಅವನದಾಗಿತ್ತು.

ಹೊಟ್ಟೆಪಾಡಿಗೆ ಅವನು ಮೂವತ್ತನಾಲ್ಕು ವರ್ಷ ಜಿಲ್ಲೆಯ ಮಣ್ಣುರಸ್ತೆಗಳನ್ನು ಸವರುವ ಗ್ರೇಡರ್ ಓಡಿಸಿದ್ದ. ಯಾವ ಮನೆಯಲ್ಲಿ ಯಾರು ಹುಟ್ಟಿದರೆಂದು ಪಾದ್ರಿಗೆ ಗೊತ್ತಿದ್ದಂತೆ, ಯಾವ ಹಳ್ಳದಲ್ಲಿ ಯಾವ ಪ್ರಾಣಿ ಮರಿ ಹಾಕಿತೆಂದು ಇವನಿಗೆ ಗೊತ್ತಿರುತ್ತಿತ್ತು. ಕೆಲಸದಿಂದ ನಿವೃತ್ತನಾದ ಮೇಲೆ ಇಡೀ ದಿನ ಸಾಯಲು ಪುರುಸೊತ್ತಾಯಿತು. ಅವನು ಪೀಪಿ ಹಿಡಿದು ಅಭ್ಯಾಸಕ್ಕೆ ಕೂತ ಕೂಡಲೇ ಹೆಂಡತಿ ಆರ್ಡಿಸ್ ಕಾರಿನ ಬೀಗದ ಕೈ ಹುಡುಕುತ್ತಿದ್ದಳು. ಚರ್ಚಿನ ಹೆಂಗಸರ ಜೊತೆ ಕೂತು ಅವಳು ಹೊಲಿದಷ್ಟು ಕೌದಿಗಳನ್ನು ಜಿಲ್ಲೆಯಲ್ಲಿ ಇನ್ಯಾರೂ ಹೊಲಿದಿಲ್ಲ. ಭಕ್ತಿಯೆಂದು ಪಾದ್ರಿ ಹೊಗಳುತ್ತಿದ್ದರು. ಅವಳು ತಿದ್ದಲು ಹೋಗಿರಲಿಲ್ಲ.

ಏಳು ವರ್ಷದ ಹಿಂದೆ ಒಂದು ಕಂಪನಿಯವನು ಇವನ ಹೆಸರು ಕೇಳಿ ಬಂದ. ಪ್ರಾಣಿಗಳ ಕೂಗು ತುಂಬಿಟ್ಟ ಪೆಟ್ಟಿಗೆಗಳನ್ನು ಬೇಟೆಗಾರರಿಗೆ ಮಾರುವ ಕಂಪನಿ ಅದು. ವರ್ಲಿನ್‌ನನ್ನು ಹೆದ್ದಾರಿ ಪಕ್ಕದ ವಸತಿಗೃಹಕ್ಕೆ ಕರೆದೊಯ್ದು, ಬಚ್ಚಲುಮನೆಯ ಗೋಡೆಗೆಲ್ಲ ಕಂಬಳಿ ನೇತುಹಾಕಿ, ಸ್ನಾನದ ತೊಟ್ಟಿಯೊಳಗೆ ಕೂರಿಸಿ ಮೂರು ಗಂಟೆ ಅಳಿಸಿದ. ಕಸ ಗುಡಿಸುವ ಹೆಂಗಸು ಪೊಲೀಸರಿಗೆ ಫೋನ್ ಮಾಡಿದಳು. ಬಾಗಿಲು ಒದ್ದು ಒಳಗೆ ಬಂದ ಪೊಲೀಸಿನವನಿಗೆ ಕಂಡದ್ದು ಇಬ್ಬರು ಗಂಡಸರು: ಒಬ್ಬ ತೊಟ್ಟಿಯಲ್ಲಿ ಕೊಂಬು ಊದುತ್ತಿದ್ದಾನೆ, ಇನ್ನೊಬ್ಬ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದಾನೆ. ಆ ಪೊಲೀಸಿನವನು ಈಗಲೂ ವರ್ಲಿನ್ ಎದುರು ಸಿಕ್ಕರೆ ಟೋಪಿ ತೆಗೆಯುತ್ತಾನೆ.

ಕಂಪನಿ ಕೊಟ್ಟದ್ದು ಒಂದು ಪೆಟ್ಟಿಗೆ, ಒಂದು ಟೋಪಿ. ಪೆಟ್ಟಿಗೆಯೊಳಗೆ ಇಲಿ, ಹಕ್ಕಿ, ಜಿಂಕೆಮರಿ ಎಂದು ನೂರು ಬಗೆಯ ಸಂಕಟಗಳಿದ್ದವು. ಹದಿನಾಲ್ಕನೇ ನಂಬರು ವರ್ಲಿನ್: ‘ದೊಡ್ಡ ಮೊಲ, ಬಹಳ ನೋವು.’ ಅವನು ಟೋಪಿ ಹಾಕಿಕೊಂಡ. ಪೆಟ್ಟಿಗೆಯನ್ನು ಬಿಚ್ಚದೆ ಅಟ್ಟದ ಮೇಲಿಟ್ಟ. ಬಾಯಿ ಇದ್ದವನಿಗೆ ಪೆಟ್ಟಿಗೆ ಯಾಕೆ?

ಬಾಯಿ ಇಲ್ಲದವರು ಜಿಲ್ಲೆಯ ತುಂಬ ಇದ್ದರು. ಬ್ಯಾಂಕಿನವನು ಕೊಂಡ, ದನದ ಡಾಕ್ಟರು ಕೊಂಡರು, ಯಾರಿಗೂ ಹೇಳದೆ ಪಾದ್ರಿಯೂ ಕೊಂಡರು. ಮೂರೇ ವರ್ಷದಲ್ಲಿ, ಶನಿವಾರ ಬೆಳಗಾದರೆ ಪ್ರತಿ ಗುಡ್ಡದ ಹಿಂದೆ ಒಬ್ಬೊಬ್ಬ ವರ್ಲಿನ್ ಸಾಯತೊಡಗಿದ. ಹೋಟೆಲಿನಲ್ಲಿ ಇದನ್ನೆಲ್ಲ ಕೇಳಿದಾಗ ಅವನಿಗೆ ಎದೆ ಉಬ್ಬುತ್ತಿತ್ತು. ಕಾಯೋಟಿಗಳೂ ಇದನ್ನೆಲ್ಲ ಕೇಳುತ್ತಿವೆ ಎಂಬುದು ಅವನಿಗೆ ಹೊಳೆಯಲಿಲ್ಲ.

ಈ ಏಪ್ರಿಲ್‌ನಲ್ಲಿ, ಕುರಿಗಳು ಮರಿ ಹಾಕುವ ಕಾಲದಲ್ಲಿ, ಆರ್ಡಿಸಳ ತಂಗಿ ಲವಾನ್ ಹೋಟೆಲಿನೊಳಗೆ ಬಂದಳು. ಗಂಡ ತೀರಿಕೊಂಡ ಮೇಲೆ ಇನ್ನೂರು ಕುರಿಗಳನ್ನು ಒಬ್ಬಳೇ ನೋಡಿಕೊಳ್ಳುವವಳು. ಬೂಟಿನ ಕೆಸರನ್ನೂ ಕೊಡವದೆ ಸೀದಾ ಕಿಟಕಿ ಪಕ್ಕದ ಕುರ್ಚಿಯ ಮುಂದೆ ನಿಂತಳು.

“ಏನ್ ವರ್ಲಿನ್, ನಿನ್ನ ಮೊಲ ಇನ್ನೂ ಉಸಿರಾಡ್ತಿದ್ಯಾ?”

“ಯಾಕೆ ಲವಾನ್?”

“ಹನ್ನೊಂದು ಮರಿ ಹೋಯ್ತು. ಎಲ್ಲ ಒಬ್ಬಳದೇ ಕೆಲಸ. ಎಡಗಿವಿ ಹರಿದಿದೆಯಲ್ಲ, ಆ ಕಾಯೋಟಿ ಮುದುಕಿ. ನಾನು ಕೊಟ್ಟಿಗೆಗೆ ಹೋಗಿ ಬರೋದ್ರೊಳಗೆ ಬಂದು ಹೋಗಿರ್ತಾಳೆ. ನೀನಿಲ್ಲಿ ಕ್ಯಾರಮೆಲ್ ರೋಲು ತಿಂತಾ ಕೂತಿದೀಯ.”

ವರ್ಲಿನ್ ರೋಲನ್ನು ಕೆಳಗಿಟ್ಟ. ಎಲ್ಲರ ಕಣ್ಣೂ ಅವನ ಮೇಲಿತ್ತು. “ಹತ್ತು ದಿನ ಕೊಡು.”

“ಚರ್ಮ ತರ್ತೀಯಾ?”

“ಬಾಲದ ಸಮೇತ.”

“ಸರಿ. ತರ್ಲಿಲ್ಲ ಅಂದ್ರೆ, ಎಲ್ಲರೂ ಕೇಳಿಸ್ಕೊಳ್ಳಿ, ಕುರಿ ಎಲ್ಲ ಮಾರಿ ದನ ಕಟ್ತೀನಿ.”

ಯಾರದೋ ಚಮಚ ಬಸಿಯ ಮೇಲೆ ಬಿತ್ತು. ಲವಾನ್ ಮನೆತನ ಮೂರು ತಲೆಮಾರಿನಿಂದ ಕುರಿಯವರದು. ಧರ್ಮ ಬಿಡುತ್ತೇನೆ ಎಂದಿದ್ದರೂ ಜನ ಇಷ್ಟು ಬೆಚ್ಚುತ್ತಿರಲಿಲ್ಲ.

ಮೊದಲ ಮೂರು ದಿನ ವರ್ಲಿನ್ ಅವಳ ಹುಲ್ಲುಗಾವಲಿನ ಸುತ್ತಲ ಗುಡ್ಡಗಳಲ್ಲಿ ಕೂತು ಪ್ರಾಣ ಬಿಟ್ಟ. ಬಂದದ್ದು ಒಂದು ಕಾಗೆ. ಅದೂ ನೋಡಿ, ಬೇಸರದಿಂದ ಹೋಯಿತು.

ನಾಲ್ಕನೆಯ ದಿನ ಆಚೆ ಹಳ್ಳದಿಂದ ಮೊಲವೊಂದರ ಆರ್ತನಾದ ಕೇಳಿತು. ನಿಜವಾದ ಮೊಲ! ಹಾಗಿದ್ದರೆ ಹರಕುಕಿವಿಯವಳು ಅಲ್ಲಿಗೆ ಬಂದೇ ಬರುತ್ತಾಳೆ. ಪಾಪಾಸುಕಳ್ಳಿಯ ನಡುವೆ ಕಾಲು ಮೈಲಿ ಹೊಟ್ಟೆಯ ಮೇಲೆ ತೆವಳಿದ. ‘ಎಷ್ಟು ಚೆನ್ನಾಗಿ ಸಾಯ್ತಿದೆ!’ ಎಂದು ಅವನಿಗೆ ಸ್ವಲ್ಪ ಹೊಟ್ಟೆಕಿಚ್ಚೂ ಆಯಿತು. ದಿಬ್ಬದ ಮೇಲೆ ತಲೆಯೆತ್ತಿ ನೋಡಿದರೆ, ಕೆಳಗೆ ಒಂದು ಕಡ್ಡಿಯ ತುದಿಯಲ್ಲಿ ತುಪ್ಪಳದ ಬಾಲ ಎಡಕ್ಕೂ ಬಲಕ್ಕೂ ಒದ್ದಾಡುತ್ತಿತ್ತು. ಅದರಾಚೆ ಒಂದು ಪೊದೆ. ಪೊದೆಗೆ ಬಿಳಿ ಹಲ್ಲುಗಳಿದ್ದವು.

“ವರ್ಲಿನ್! ನೀನಾ? ಕೋವಿ ಎತ್ತೇಬಿಟ್ಟಿದ್ದೆ ಮಾರಾಯ!” ಪೊದೆ ಎದ್ದು ನಿಂತಿತು. ಊರಿನ ಹಲ್ಲಿನ ಡಾಕ್ಟರು, ಕಾಲ್ಹಾಫ್. ಟೋಪಿಯಿಂದ ಬೂಟಿನವರೆಗೆ ಒಣಹುಲ್ಲಿನ ಚಿತ್ರವಿದ್ದ ಬಟ್ಟೆ. ಕಾಫಿ ಫ್ಲಾಸ್ಕಿಗೂ ಅದೇ ಅಂಗಿ ಹೊಲಿಸಿದ್ದ.

“ನಾನೂ ಎತ್ತಿದ್ದೆ, ಡಾಕ್ಟ್ರೇ.”

“ಅಂದ್ರೆ ಪೆಟ್ಟಿಗೆ ಕೆಲಸ ಮಾಡ್ತಿದೆ ಅಂತಾಯ್ತು!”

“ನನ್ನ ಮಟ್ಟಿಗೆ ಮಾಡ್ತಿದೆ. ನಾನು ಬಂದೆನಲ್ಲ.”

“ನೀನು ಎರಡನೆಯವನು. ಹೋದ ವಾರ ಪಾದ್ರಿ ಬಂದಿದ್ರು.”

“ಯಾವ ನಂಬರು ಹಾಕಿದ್ದೆ?”

“ಹದಿನಾಲ್ಕು. ಎಲ್ಲರೂ ಅದನ್ನೇ ಹಾಕೋದು. ಮಿಕ್ಕಿದ್ದೆಲ್ಲ ನಾಟಕ ಅನ್ಸುತ್ತೆ ಕಣೋ. ಇದನ್ನ ನೋಡು, ಈ ಕುಣಿಯೋ ಬಾಲ. ಪ್ರಾಣಿ ಕಣ್ಣು ಇದರ ಮೇಲೇ ನೆಟ್ಟಿರುತ್ತೆ, ನಮ್ಮನ್ನ ನೋಡೋದೇ ಇಲ್ಲ. ನಾಲ್ಕು ವೇಗ ಇದೆ.”

“ಈ ವರ್ಷ ಎಷ್ಟು ಬಿತ್ತು?”

“ಬಿದ್ದಿದ್ದು ಇಲ್ಲ.” ಡಾಕ್ಟರು ಬಾಲದ ಮೇಲಿನ ಧೂಳು ಒರೆಸಿದ. “ತಪ್ಪಿಸ್ಕೊಂಡಿದ್ದು ಬಹಳ.”

ಆರನೆಯ ದಿನ ವರ್ಲಿನ್ ಎತ್ತರದ ಚಪ್ಪಟೆ ಗುಡ್ಡ ಹತ್ತಿ ದುರ್ಬೀನು ಕಣ್ಣಿಗಿಟ್ಟ. ಮುಕ್ಕಾಲು ಮೈಲಿ ದೂರದಲ್ಲಿ ಅವಳಿದ್ದಳು, ಹರಕುಕಿವಿ, ಸೇಜ್ ಪೊದೆಗಳ ನಡುವೆ ಬಿಸಿಲು ಕಾಯಿಸುತ್ತ ಮಲಗಿದ್ದಳು. ಅವನು ಪೀಪಿ ತೆಗೆದು, ಬದುಕಿನಲ್ಲೇ ಅತ್ಯಂತ ಚೆನ್ನಾಗಿ ಊದಿದ. ಅವಳು ತಲೆಯೆತ್ತಿದಳು. ಅವನು ಕೂತ ಗುಡ್ಡವನ್ನು ನೋಡಿದಳು. ಎದ್ದು, ಮೈಮುರಿದು, ಕೆಲಸಕ್ಕೆ ಹೊರಟ ಗುಮಾಸ್ತನ ಹಾಗೆ ಅವಸರವಿಲ್ಲದೆ ನಡೆದಳು. ಅವನಿಗೆ ಬೆನ್ನು ಹಾಕಿ, ನೇರ ಲವಾನಳ ಮರಿಗಳ ಕಡೆಗೆ.

ವರ್ಲಿನ್ ಕೂಗು ನಿಲ್ಲಿಸಿದ. ಗುಂಡಿಗೆ ಸಿಗದ ದೂರ. ದುರ್ಬೀನಿನೊಳಗೆ ಎಲ್ಲವೂ ಸದ್ದಿಲ್ಲದೆ ನಡೆಯಿತು. ಮರಿ ಬಿಳಿಯದಿತ್ತು, ಮುಖ ಮಾತ್ರ ಕಪ್ಪು. ಅವಳು ಅದನ್ನು ಕಚ್ಚಿಕೊಂಡು ಹಳ್ಳ ಇಳಿದುಹೋದಳು.

ಈಗ ಅವನಿಗೆ ಹೊಳೆಯಿತು. ಹದಿನಾಲ್ಕನೇ ನಂಬರು ಎಲ್ಲಿ ಅಳುತ್ತದೆಯೋ ಅಲ್ಲಿ ಕೋವಿ ಹಿಡಿದವನೊಬ್ಬ ಕೂತಿರುತ್ತಾನೆ. ಅವನು ಅಲ್ಲಿ ಕೂತಿದ್ದಾನೆಂದರೆ ಮರಿಗಳ ಬಳಿ ಇಲ್ಲ. ಇಷ್ಟು ಲೆಕ್ಕ ಅವಳಿಗೆ ಬರುತ್ತಿತ್ತು. ‘ದಾರಿ ಖಾಲಿಯಿದೆ, ಹೊರಡು’ ಎಂದು ಅವಳಿಗೆ ಸಾರುತ್ತಿದ್ದವನು ತಾನೇ. ಹನ್ನೆರಡು ಮರಿಗಳಲ್ಲಿ ಎಷ್ಟನ್ನು ತನ್ನ ಬಾಯಿ ತಿಂದಿತ್ತೋ.

ಲವಾನ್ ಆ ಸಂಜೆ ದನದ ಸಂತೆಯವನಿಗೆ ಫೋನ್ ಮಾಡಿ, ಕುರಿಗಳನ್ನು ಒಯ್ಯಲು ಗಡುವಿನ ಹತ್ತನೆಯ ದಿನಕ್ಕೆ ಲಾರಿ ಕಳಿಸಲು ಹೇಳಿದಳು.

ಮನೆಯಲ್ಲಿ ವರ್ಲಿನ್ ಊಟದ ತಟ್ಟೆಯ ಮುಂದೆ ಕೂತ. “ಆರ್ಡಿಸ್, ಆ ಹರಕುಕಿವಿ ನನ್ನ ಕೂಗು ಕೇಳಿ ಬೇರೆ ಕಡೆಗೇ ಹೋಗ್ತಾಳೆ.”

“ಬುದ್ಧಿವಂತೆ,” ಎಂದಳು ಆರ್ಡಿಸ್, ಆಲೂಗಡ್ಡೆ ಬಡಿಸುತ್ತ. “ನಲವತ್ತೊಂದು ವರ್ಷದಿಂದ ನಾನು ಮಾಡ್ತಿರೋದೂ ಅದೇ ಅಲ್ವಾ? ಆ ಸದ್ದು ಎಲ್ಲಿರುತ್ತೋ ಅಲ್ಲಿ ನಾನಿರಲ್ಲ.”

ಅವನು ಚಮಚ ಹಿಡಿದ ಕೈಯನ್ನು ಅರ್ಧದಲ್ಲೇ ನಿಲ್ಲಿಸಿದ. ಆಮೇಲೆ ಎದ್ದುಹೋಗಿ ಅಟ್ಟಕ್ಕೆ ಏಣಿ ಹಾಕಿದ.

ಮರುದಿನ ಬೆಳಿಗ್ಗೆ ಅವನು ಹಲ್ಲಿನ ಡಾಕ್ಟರ ಬಾಗಿಲಲ್ಲಿದ್ದ. “ಡಾಕ್ಟ್ರೇ, ಆ ಬಾಲ ನಾಲ್ಕು ದಿನಕ್ಕೆ ಕೊಡ್ತೀಯಾ?”

ಡಾಕ್ಟರ ಕಣ್ಣು ತುಂಬಿಬಂತು. “ನೀನೂ ನಮ್ಮ ದಾರಿಗೆ ಬಂದ್ಯಲ್ಲ ವರ್ಲಿನ್!”

ಪೆಟ್ಟಿಗೆಯನ್ನೂ ಬಾಲವನ್ನೂ ವರ್ಲಿನ್ ಗುಡ್ಡಕ್ಕೆ ಒಯ್ಯಲಿಲ್ಲ. ಲವಾನಳ ಹುಲ್ಲುಗಾವಲಿನ ನಟ್ಟನಡುವೆ, ಮರಿಗಳ ಗುಂಪಿನ ಮಧ್ಯೆ ನೆಟ್ಟು, ಹದಿನಾಲ್ಕನೇ ಗುಂಡಿ ಒತ್ತಿದ. ತನ್ನ ಸಾವನ್ನು ಅವನು ಹೊರಗಿನಿಂದ ಕೇಳಿದ್ದು ಡಾಕ್ಟರ ಹಳ್ಳದ ಆ ಒಂದು ದಿನ ಬಿಟ್ಟರೆ ಇದೇ ಮೊದಲು. ಅಷ್ಟೇನೂ ಚೆನ್ನಾಗಿಲ್ಲ ಅನಿಸಿತು.

ಲವಾನ್ ಬಕೆಟ್ ಎಸೆದು ಓಡಿಬಂದಳು. “ಏನಿದು? ಅವಳನ್ನ ಕೊಲ್ಲು ಅಂದ್ರೆ ನನ್ನ ಮರಿಗಳಿಗೆ ಸೂತಕದ ಹಾಡು ಹಾಕ್ತಿದೀಯ?”

“ಈ ಸದ್ದು ಇದ್ದಲ್ಲಿ ಕೋವಿ ಇರುತ್ತೆ ಅಂತ ಅವಳು ನಂಬಿದಾಳೆ. ನಂಬ್ಲಿ ಬಿಡು.”

“ಚರ್ಮ?”

“ಚರ್ಮ ಇಲ್ಲ ಲವಾನ್. ಮರಿ ಉಳಿಯುತ್ತೆ.” ಆ ಮಾತು ಹೇಳಲು ಅವನಿಗೆ ಎಷ್ಟು ಕಷ್ಟವಾಯಿತೆಂದು ಅವಳಿಗೆ ಕಂಡಿರಬೇಕು. ಬೈಯಲು ತೆರೆದ ಬಾಯಿ ಮುಚ್ಚಿ, ಬಕೆಟ್ ಎತ್ತಿಕೊಂಡು ಹೋದಳು.

ಮೊದಲ ದಿನ ಮರಿಗಳು ಬೆಚ್ಚಿ ಬೇಲಿಗೆ ಅಂಟಿದವು. ಎರಡನೆಯ ದಿನ ಒಂದು ಮರಿ ಕುಣಿಯುವ ಬಾಲಕ್ಕೆ ಹಣೆ ಕೊಟ್ಟು ಗುದ್ದಿತು. ಮೂರನೆಯ ದಿನ ಅವೆಲ್ಲ ಬಾಲದ ಸುತ್ತ ನೆಗೆದಾಡಿ, ದಣಿದು, ಅಳುವ ಪೆಟ್ಟಿಗೆಗೆ ಒರಗಿ ನಿದ್ದೆ ಹೋದವು. ಪೆಟ್ಟಿಗೆ ಬೆಚ್ಚಗಿತ್ತು. ಹರಕುಕಿವಿ ದಿನಕ್ಕೆರಡು ಸಲ ದಿಬ್ಬದ ಮೇಲೆ ಬಂದು, ಕೇಳಿ, ತಿರುಗಿ ಹೋದಳು.

ಹೋಟೆಲಿನಲ್ಲಿ ಸುದ್ದಿ ಹಬ್ಬಿತು. “ಕಾಯೋಟಿ ಕರೆಯೋನು ಹೋಗಿ ಬೆರ್ಚಪ್ಪ ಆದ್ನಂತೆ,” ಎಂದ ಬ್ಯಾಂಕಿನವನು. ಕಿಟಕಿ ಪಕ್ಕದ ಕುರ್ಚಿಯಲ್ಲಿ ಈಗ ಹಲ್ಲಿನ ಡಾಕ್ಟರು ಕೂತಿದ್ದ. ವರ್ಲಿನ್ ಬಾಗಿಲ ಬಳಿಯ ಸ್ಟೂಲಿನಲ್ಲಿ ಕೂತು ಕಾಫಿ ಕುಡಿದು ಎದ್ದುಹೋದ. ರೋಲು ಕೇಳಲಿಲ್ಲ.

ಹತ್ತನೆಯ ದಿನ ಬೆಳಗಾದಾಗ ಒದ್ದೆ ಹಿಮ ಬೀಳುತ್ತಿತ್ತು. ಹಿಂದಿನ ಸಂಜೆಯೇ ಕರೆಂಟು ಹೋಗಿದ್ದರಿಂದ ಬ್ಯಾಟರಿಗಳಿಗೆ ಜೀವ ತುಂಬಿರಲಿಲ್ಲ. ಎಂಟು ಗಂಟೆಗೆ ಪೆಟ್ಟಿಗೆ ಗೊರಗೊರ ಎಂದು ನಿಜವಾಗಿಯೇ ಸತ್ತಿತು. ಬಾಲ ಹಿಮ ಹೊತ್ತು ಪೊರಕೆಯಂತೆ ನೆಟ್ಟಗೆ ನಿಂತಿತು. ಲವಾನ್ ಆಗಷ್ಟೇ ಹುಟ್ಟಿದ ಎರಡು ಮರಿಗಳನ್ನು ಒಲೆಯ ಮುಂದೆ ಕಾಯಿಸುತ್ತ ಅಡುಗೆಮನೆಯಲ್ಲಿದ್ದಳು. ಮಧ್ಯಾಹ್ನಕ್ಕೆ ಸಂತೆಯವನ ಲಾರಿ ಬರುವುದಿತ್ತು.

ದಿಬ್ಬದ ಮೇಲೆ ಹರಕುಕಿವಿ ಬಂದು ಕೂತಳು. ಸದ್ದಿಲ್ಲದ ಹುಲ್ಲುಗಾವಲನ್ನು ನೋಡಿದಳು. ವರ್ಲಿನ್‌ನ ಕೋವಿ ಅವನು ಹುಲ್ಲುಗಾವಲಿನಲ್ಲಿ ನಿಂತಲ್ಲಿಂದ ಇನ್ನೂರು ಹೆಜ್ಜೆ ದೂರದ ಪಿಕಪ್ ಗಾಡಿಯಲ್ಲಿತ್ತು. ಅವಳು ಇಳಿಯತೊಡಗಿದಳು.

ಅವನು ಜೇಬಿನಿಂದ ಪೀಪಿ ತೆಗೆದ. ಚಳಿಗೆ ತುಟಿ ಮರಗಟ್ಟಿ ಮೊದಲ ಸ್ವರ ಒಡೆಯಿತು. ಎರಡನೆಯದೂ ಒಡೆಯಿತು. ಅವಳು ನಿಂತು ತಲೆ ವಾಲಿಸಿದಳು, ಪರಿಚಿತ ಹಾಡನ್ನು ಯಾರೋ ತಪ್ಪಾಗಿ ಹಾಡಿದರೆ ನಿಲ್ಲುವಂತೆ. ಮತ್ತೆ ಐದು ಹೆಜ್ಜೆ ಇಳಿದಳು. ವರ್ಲಿನ್ ಊದಿದ. ಕಲೆಯೆಲ್ಲ ಮರೆತುಹೋಗಿತ್ತು. ಬಾ ಎಂದು ಕರೆದೇ ಅಭ್ಯಾಸವಾಗಿದ್ದ ಉಸಿರು ಈಗ ಹೋಗು, ಹೋಗು, ಎಂದು ಬೇಡುತ್ತಿತ್ತು. ತುಟಿ ಸೀಳಿ ಕೊಂಬಿನ ಮೇಲೆ ರಕ್ತ ಇಳಿಯಿತು. ಹಿಮದೊಳಗೆ ಅವರಿಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಎಷ್ಟು ಹೊತ್ತು ಇದ್ದರೋ. ಕೊನೆಗೆ ಅವಳು ಹರಕುಕಿವಿ ಕೊಡವಿ, ತಿರುಗಿ, ದಿಬ್ಬ ದಾಟಿ ಹೋದಳು. ಅವನು ಊದುವುದನ್ನು ನಿಲ್ಲಿಸಲಿಲ್ಲ. ಮತ್ತೆ ಬಂದರೆ?

ಬೆನ್ನ ಹಿಂದೆ ಸದ್ದಾಯಿತು. ಮರಿಗಳು. ಮೂರು ದಿನದಲ್ಲಿ ಆ ಅಳುವಿಗೆ ಒರಗಿ ಮಲಗುವಷ್ಟು ಒಗ್ಗಿದ್ದವು. ಅದು ಈಗ ಎಲ್ಲಿಂದ ಬರುತ್ತಿದೆಯೋ ಅಲ್ಲಿಗೆ ಹಿಮದಲ್ಲಿ ಎಡವುತ್ತ ಬೀಳುತ್ತ ಓಡಿಬಂದು ಅವನ ಕಾಲಿಗೆ ಮುತ್ತಿಕೊಂಡವು. ಒಂದು ಅವನ ಕೈಗವಸಿನ ಹೆಬ್ಬೆರಳನ್ನು ಬಾಯೊಳಗೆ ಎಳೆದುಕೊಂಡು ಚೀಪತೊಡಗಿತು. ಅವನ ಕೂಗಿಗೆ ಬಂದು, ಗುಂಡು ತಿನ್ನದೆ ನಿಂತ ಪ್ರಾಣಿಗಳು.

“ನಿಲ್ಲಿಸ್ಬೇಡ,” ಎಂದಳು ಲವಾನ್. ಯಾವಾಗ ಬಂದು ನಿಂತಿದ್ದಳೋ. “ಲಾರಿ ಬೇಡ ಅಂತ ಸಂತೆಯವನಿಗೆ ಹೇಳ್ದೆ. ಅವನು ಫೋನಿನಲ್ಲಿ ಈ ಸದ್ದು ಕೇಳಿ, ಅಲ್ಲಿ ಯಾರಿಗೇನಾಯ್ತು ಅಂದ.”

“ನೀನೇನಂದೆ?”

“ನಮ್ಮ ಭಾವ ಹಾಡ್ತಿದಾನೆ ಅಂದೆ. ಊದು, ಊದು.”

ಅವನು ಊದಿದ. ಆಗ ರಸ್ತೆಯ ಕಡೆ ಕಾರಿನ ದೀಪ ಕಂಡಿತು. ಆರ್ಡಿಸ್ ಹಿಮದಲ್ಲಿ ಕಾರು ನಿಲ್ಲಿಸಿ, ಬೇಲಿ ತಂತಿಯ ನಡುವೆ ನುಸುಳಿ, ಕಂಕುಳಲ್ಲಿ ಒಂದು ಕೌದಿ ಹಿಡಿದುಕೊಂಡು ಓಡುತ್ತ ಬಂದಳು.

“ರಸ್ತೆವರೆಗೂ ಕೇಳಿಸ್ತಿತ್ತು,” ಎಂದಳು ಏದುಸಿರು ಬಿಡುತ್ತ. “ಈ ಸಲ ನಿಜವಾಗ್ಲೂ ಯಾರೋ ಸಾಯ್ತಿದಾರೆ ಅನ್ಸಿ ಬಂದೆ.”

ಅವನ ಹೆಗಲಿಗೆ ಕೌದಿ ಹೊದಿಸಿ, ತುಟಿಯ ರಕ್ತವನ್ನು ಅದರ ಅಂಚಿನಿಂದ ಒರೆಸಿದಳು. ಆಮೇಲೆ, ಎರಡೂ ಕಿವಿಗಳನ್ನು ಕೈಯಿಂದ ಗಟ್ಟಿಯಾಗಿ ಮುಚ್ಚಿಕೊಂಡು, ಅವನ ಪಕ್ಕದಲ್ಲೇ ನಿಂತಳು.