ದೋಣಿಯ ಪಕ್ಕ ಎದ್ದ ಗುಳ್ಳೆಗಳು

ಕಾರವಾರದ ಕಡಲಲ್ಲಿ ದಂಡೆಯಿಂದ ಸಾಕಷ್ಟು ದೂರ ಬಂದ ಮೇಲೆ ನಮ್ಮ ದೋಣಿಯ ಎಡಗಡೆ ‘ಫುಸ್ಸ್’ ಎಂದಿತು. ಅದು ಗಾಳಿ ತುಂಬಿದ, ಇಬ್ಬರೇ ಕೂರುವ ರಬ್ಬರ್ ದೋಣಿ. ಇಬ್ಬರೂ ಕೂಡಿ ಡಾಲ್ಫಿನ್ ನೋಡಬೇಕೆಂಬ ಹೆಂಡತಿಯ ಬಹುದಿನದ ಆಸೆಗಾಗಿ ಹತ್ತಿದ್ದೆನೇ ಹೊರತು ಅದರ ಮೇಲೆ ನನಗೆ ಮೊದಲಿನಿಂದಲೂ ಅನುಮಾನವಿತ್ತು. ಬೆಳಗಿನ ಕಡಲು ಅಷ್ಟು ಶಾಂತವಾಗಿದ್ದದ್ದೂ, ಬಂಡೆಯ ಮೇಲಿನ ಹದ್ದು ನನ್ನನ್ನೇ ದಿಟ್ಟಿಸುತ್ತಿದ್ದದ್ದೂ ಸರಿ ಕಂಡಿರಲಿಲ್ಲ.

ಹುಬ್ಬಳ್ಳಿಯಲ್ಲಿ ಪಂಕ್ಚರ್ ಅಂಗಡಿ ನಡೆಸುವವನಿಗೆ ಆ ಸದ್ದಿನ ಅರ್ಥ ಬೇರೆ ಯಾರೂ ಹೇಳಬೇಕಿಲ್ಲ. ಹುಟ್ಟು ಬಿಟ್ಟು ಬಗ್ಗಿದೆ. ಟ್ಯೂಬನ್ನು ನೀರಲ್ಲಿ ಅದ್ದಿ ನೋಡುವಂತೆ ದೋಣಿಯ ಅಂಚಿನುದ್ದಕ್ಕೂ ಗುಳ್ಳೆ ಹುಡುಕಿದೆ. ಗುಳ್ಳೆಗಳು ಎದ್ದೇ ಬಿಟ್ಟವು!

“ಗಾಳಿ ಹೊಂಟೈತಿ! ದಂಡಿಗೆ ಹೊಳ್ಸೋಣು, ಲಗೂ ಹುಟ್ಟು ಹಾಕ!” ಎಂದು ಹಿಂದೆ ಕೂತಿದ್ದ ಅವಳಿಗೆ ಕೂಗಿದೆ.

“ಇಲ್ಲೂ ಅಂಗಡಿ ತಗದ್ರೇನ್ರಿ? ಡಾಲ್ಫಿನ್ ಉಸುರು ಬಿಡಾಕತ್ತೈತಿ. ಮಗ್ಗಲಾಗ ಮರಿನೂ ಐತಿ. ತಲಿ ಎತ್ತಿ ನೋಡ್ರಿ!”

ನಾನು ತಲೆ ಎತ್ತುವಷ್ಟರಲ್ಲಿ ಬೂದು ಬಣ್ಣದ ಬೆನ್ನೊಂದು ನುಣ್ಣಗೆ ನೀರೊಳಗೆ ಜಾರಿತು. ಅಷ್ಟೇ. ಮತ್ತೆ ಏಳಲಿಲ್ಲ.

ಈಗ ಅವಳು ಓಣಿಯವರಿಗೆಲ್ಲ ತಾಯಿ-ಮರಿಯ ಕತೆ ಹೇಳುತ್ತಾಳೆ. ಕೊನೆಗೆ “ಇವರೂ ನೋಡ್ಯಾರ, ಕೇಳ್ರಿ ಬೇಕಾದ್ರ” ಎನ್ನುತ್ತಾಳೆ. ಮರಿ ಇತ್ತೋ ಇಲ್ಲವೋ ಎಂಬ ಅನುಮಾನ ನನಗೆ ಇನ್ನೂ ಹೋಗಿಲ್ಲ. ಆದರೆ ಅವಳ ಮುಖ ನೋಡಿದರೆ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಮರಿ ಎಷ್ಟು ದೊಡ್ಡದಿತ್ತು ಎಂದು ಯಾರಾದರೂ ಕೇಳಿದರೆ, ಎರಡೂ ಕೈ ಚಾಚಿ ಅಳತೆ ತೋರಿಸುತ್ತೇನೆ.